ಕೆಂಪು ಇಪ್ಪತ್ತೇಳು

ಶನಿವಾರ ಮಧ್ಯಾಹ್ನ ಬ್ರೆಡ್ಡು, ಒಂದು ಕಟ್ಟು ಮೂಲಂಗಿ ಕೊಂಡು ಮನೆಗೆ ಬಂದಾಗ ನಮ್ಮ ಹೊರಬಾಗಿಲಿಗೆ ಒರಗಿ ಅಪರಿಚಿತರೊಬ್ಬರು ಕುಳಿತಿದ್ದರು. ವಯಸ್ಸು ಎಪ್ಪತ್ತರ ಹತ್ತಿರ. ಕರಿಯ ಕೋಟು, ಮಡಿಲಲ್ಲಿ ಖಾಲಿ ಚರ್ಮದ ಚೀಲ. ಅವರು ಕುಳಿತಿದ್ದ ಸ್ಟೂಲು ಎದುರಿನ ಬಿಯರ್ ಅಂಗಡಿಯದು. ಅಲ್ಲಿ ಬಡಿಸುವ ಯಾರ್ಡಾ ತಂದುಕೊಟ್ಟಿರಬೇಕು. ಕೈಯಲ್ಲಿದ್ದ ಸೋಡಾ ಗ್ಲಾಸೂ ಅವನದೇ. ಯಾರ್ಡಾ ಬಾಯಲ್ಲಿ ಒರಟ, ಆದರೆ ನಿಂತ ಮುದುಕರನ್ನು ಕಂಡರೆ ಅವನಿಗೆ ತಡೆಯುವುದಿಲ್ಲ.

"ಯಾರು ಬೇಕಿತ್ತು?" ಎಂದು ಕೇಳಿದೆ.

"ಬ್ಲಾಜೆನಾ ಅಂತ. ನಮ್ಮಕ್ಕ. ಎರಡಕ್ಕೇ ಬಂದು ಎಲ್ಲಾ ಬೆಲ್ಲೂ ಒತ್ತಿದೀನಿ. ಒಬ್ರು ಮೇಲಿಂದ ಬೈದ್ರು. ಅವಳ ಹೆಸರೇ ಇಲ್ಲಿಲ್ಲ."

ನಮ್ಮ ಕಟ್ಟಡದಲ್ಲಿ ಎಂಟು ಸಂಸಾರಗಳಿವೆ. ಆ ಹೆಸರಿನವರು ಯಾರೂ ಇಲ್ಲ. ಹಾಗೆಂದು ಹೇಳಿದೆ. ಅವರು ಜೇಬಿನಿಂದ ಒಂದು ಚೀಟಿ ತೆಗೆದು ತೋರಿಸಿದರು. ರಿಬಾರ್ಸ್ಕಾ ಬೀದಿ, ಇಪ್ಪತ್ತೇಳು. ನಮ್ಮ ಬಾಗಿಲ ಮೇಲಿನ ನೀಲಿ ಫಲಕದಲ್ಲಿಯೂ ಇಪ್ಪತ್ತೇಳು ಎಂದೇ ಇತ್ತು.

"ಬೇಕಂತಲೇ ಮಾಡಿದಾಳೆ," ಎಂದರು ಅವರು. ಸಿಟ್ಟಿನಿಂದಲ್ಲ, ರೈಲು ತಪ್ಪಿತು ಎನ್ನುವ ಹಾಗೆ. "ಹನ್ನೊಂದು ವರ್ಷ ಮಾತಿಲ್ಲ ನಮಗೆ. ಈಗ ಕಾಗದ ಬರೆದು ಕರೆಸಿ, ಯಾರದೋ ಬಾಗಿಲಲ್ಲಿ ಕೂರಿಸಿದಾಳೆ. ಹೋಗ್ಲಿ ಬಿಡಿ. ನಾಲ್ಕೂವರೆಗೆ ನನ್ನ ರೈಲು."

ಅವರ ಹೆಸರು ವೆಂಡೆಲೀನ್. ಮೊರಾವಿಯಾದ ಯಾಮ್ನೆ ಎಂಬ ಹಳ್ಳಿಯವರು. ನಾನು ಬಾಗಿಲು ತೆರೆಯದೆ ಅಲ್ಲಿಯೇ ನಿಂತೆ. ನಿಂತದ್ದಕ್ಕೋ ಏನೋ, ಉಳಿದದ್ದನ್ನೂ ಹೇಳಿದರು. ಅವರ ತಾಯಿ ಕೊನೆಯ ಎಂಟು ವರ್ಷ ಇಲ್ಲಿ ಪ್ರಾಗ್‌ನಲ್ಲಿ ಮಗಳ ಬಳಿ ಇದ್ದರು. ಇಲ್ಲಿಯೇ ತೀರಿಕೊಂಡರು, ಇಲ್ಲಿಯೇ ಸುಟ್ಟರು. ಬೂದಿಯ ಡಬ್ಬವನ್ನು ಊರಿನಲ್ಲಿ ತಂದೆಯ ಸಮಾಧಿಯ ಪಕ್ಕ ಇಡಬೇಕೆಂದು ವೆಂಡೆಲೀನ್. ಎಂಟು ವರ್ಷ ನೋಡಿಕೊಂಡವಳು ನಾನು, ಅಮ್ಮ ನನ್ನ ಹತ್ತಿರವೇ ಇರಲಿ ಎಂದು ಅಕ್ಕ. ಡಬ್ಬ ಅಕ್ಕನ ಪುಸ್ತಕದ ಕಪಾಟಿನ ಮೇಲೆ ಉಳಿಯಿತು. ವೆಂಡೆಲೀನ್ ಊರಿಗೆ ಹೋದರು, ಮಾತು ನಿಂತಿತು. ಆಮೇಲೆ ಅಕ್ಕ ಮನೆ ಬದಲಿಸಿದ್ದರು, ಹೊಸ ಮನೆಯನ್ನು ಇವರು ನೋಡಿರಲಿಲ್ಲ.

"ಈಗ ಅವಳು ವೃದ್ಧಾಶ್ರಮಕ್ಕೆ ಹೋಗ್ತಿದಾಳೆ. ಇವತ್ತು ನಾಲ್ಕಕ್ಕೆ ವ್ಯಾನ್ ಬರತ್ತಂತೆ. ಅಮ್ಮನ್ನ ಅಲ್ಲಿಗೆ ಒಯ್ಯಲ್ಲ, ಶನಿವಾರ ಎರಡಕ್ಕೆ ಬಂದು ತಗೊಂಡು ಹೋಗು, ಮೂರರ ತನಕ ಕಾಯ್ತೀನಿ, ಬರದಿದ್ರೆ ನದಿಗೆ ಬಿಡ್ತೀನಿ ಅಂತ ಬರೆದಿದ್ಲು."

ಗಡಿಯಾರ ನೋಡಿದೆ. ಮೂರು ಗಂಟೆಗೆ ಇನ್ನು ಐದು ನಿಮಿಷವಿತ್ತು.

"ಫೋನ್ ಮಾಡಿ."

"ಫೋನ್ ಇದೆ. ಅವಳ ನಂಬರ್ ಇಲ್ಲ."

"ಕಾಗದ ಎಲ್ಲಿ?"

"ಊರಲ್ಲಿದೆ. ವಿಳಾಸ ಮಾತ್ರ ಬರ್ಕೊಂಡೆ. ಇಪ್ಪತ್ತೇಳು ಅಂತ್ಲೇ ಇತ್ತು, ನಾನೇನು ಕುರುಡನಲ್ಲ. ಆಮೇಲೆ ಒಂದು ಅಡ್ಡಗೆರೆ ಹಾಕಿ ಇನ್ನೇನೋ ಇತ್ತು. ಅದು ಒಳಗಿನ ಬಾಗಿಲ ನಂಬರ್ ಇರ್ಬೇಕು ಅಂತ ಬಿಟ್ಟೆ. ಹೆಸರು ನೋಡಿ ಬೆಲ್ ಒತ್ತಿದ್ರಾಯ್ತಲ್ಲ?"

ಆಗ ತಿಳಿಯಿತು. ನಾನು ಮೂಲಂಗಿಯ ಚೀಲವನ್ನು ನೆಲದ ಮೇಲಿಟ್ಟೆ.

"ನಿಮ್ಮೂರಲ್ಲಿ ಒಂದು ಮನೆಗೆ ಎಷ್ಟು ನಂಬರು?"

"ಎಷ್ಟೇನು? ಒಂದು."

"ನಮಗಿಲ್ಲಿ ಎರಡು ಕಣ್ರಿ. ಮೇಲೆ ನೋಡಿ."

ಅವರು ಕತ್ತೆತ್ತಿ ನೋಡಿದರು. ನೀಲಿ ಫಲಕದ ಪಕ್ಕದಲ್ಲಿಯೇ ಕೆಂಪು ಫಲಕ, ಅದರಲ್ಲಿ ಐನೂರ ಹನ್ನೊಂದು. ನೀಲಿಯದು ಬೀದಿಯ ಸಾಲು ಹಿಡಿದು ಹೋಗುತ್ತದೆ. ಕೆಂಪಿನದು ಮನೆ ನಗರದ ದಾಖಲೆಗೆ ಸೇರಿದ ಸರದಿ, ಅಕ್ಕಪಕ್ಕದ ಮನೆಗೂ ಅದಕ್ಕೂ ಸಂಬಂಧವಿರಬೇಕೆಂದಿಲ್ಲ. ವಿಳಾಸ ಬರೆಯುವಾಗ ಕೆಂಪು ಮೊದಲು, ಗೆರೆ ಎಳೆದು ಆಮೇಲೆ ನೀಲಿ. ಇಲ್ಲಿ ಎಲ್ಲರೂ ಗೆರೆಯ ಆಚೆಗಿನದನ್ನೇ ಹುಡುಕುತ್ತಾರೆ. ಹಳ್ಳಿಯವರು ಮೊದಲಿನದನ್ನು ಹಿಡಿದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

"ಅಂದ್ರೆ..." ಎಂದರು ವೆಂಡೆಲೀನ್.

"ಅಂದ್ರೆ ನಿಮ್ಮಕ್ಕನ ಮನೆ ಇದೇ ಬೀದಿಯಲ್ಲಿ ಎಲ್ಲೋ ಇದೆ. ಕೆಂಪು ಇಪ್ಪತ್ತೇಳು. ಏಳಿ."

ಅವರು ಎದ್ದ ರಭಸಕ್ಕೆ ಸ್ಟೂಲು ಮಗುಚಿತು. ಯಾರ್ಡಾ ಬಾಗಿಲಿಗೆ ಬಂದು, "ಏನಮ್ಮಾ, ನನ್ನ ಆಸ್ತಿ ಒಡೀತಿದೀರಾ?" ಎಂದ. ವಿಷಯ ಹೇಳಿದೆ. ಹೆಗಲ ಮೇಲಿನ ಬಟ್ಟೆಯನ್ನು ಕಿಟಕಿಯ ಮೇಲೆಸೆದು, "ಆ ಕಡೆ ಸಾಲು ನಾನು ನೋಡ್ತೀನಿ, ಈ ಕಡೆ ನೀವು. ಮೊರಾವಿಯಾದೋರಿಗೆ ವೈನ್ ಬಿಟ್ಟು ಬೇರೆ ಏನೂ ಹುಡುಕೋಕೆ ಬರಲ್ಲ," ಎಂದು ಹೊರಟೇಬಿಟ್ಟ. ಒಳಗೆ ಯಾರೋ ಬಿಯರ್‌ಗೆ ಕೂಗುತ್ತಿದ್ದರು. "ಬಂದೆ, ಕಾಯ್ರಿ!" ಎಂದು ತಿರುಗಿ ನೋಡದೆ ಕೂಗಿದ.

ನಾವು ಗೋಡೆ ನೋಡುತ್ತಾ ನಡೆದೆವು. ಎಂಬತ್ತೆಂಟು. ಮುನ್ನೂರ ನಾಲ್ಕು. ಅರವತ್ತು. ಚಕ್ರದ ಪೆಟ್ಟಿಗೆ ಎಳೆದುಕೊಂಡು ಪ್ರವಾಸಿಗಳು ಎದುರಿಗೆ ಬರುತ್ತಿದ್ದರು. ಒಬ್ಬ ಹುಡುಗಿ ನಾವು ಏನೋ ವಿಶೇಷ ನೋಡುತ್ತಿದ್ದೇವೆಂದು ತಾನೂ ನಿಂತು ಆ ಗೋಡೆಯ ಫೋಟೋ ತೆಗೆದುಕೊಂಡಳು. ವೆಂಡೆಲೀನ್ ಪ್ರತಿಯೊಂದು ಸಂಖ್ಯೆಯನ್ನೂ ಗಟ್ಟಿಯಾಗಿ ಓದುತ್ತಿದ್ದರು. ನಾನು ಮೊಣಕಾಲು ನೋವಿಗೆ ಕುಂಟುವುದನ್ನು ಕಂಡು ಅವರೇ ನಡಿಗೆ ನಿಧಾನ ಮಾಡಿದರು. ಅವಸರ ಅವರದಾಗಿತ್ತು, ಆದರೂ.

ನೀಲಿ ಒಂಬತ್ತರ ಮನೆಯ ಕೆಂಪು ಫಲಕ ಹರಳಿನಂಗಡಿಯ ಬೋರ್ಡಿನ ಹಿಂದೆ ಅರ್ಧ ಮುಚ್ಚಿಹೋಗಿತ್ತು. ಬಗ್ಗಿ ನೋಡಿದೆ. ಇಪ್ಪತ್ತೇಳು.

ಬೆಲ್ಲುಗಳ ಸಾಲಿನಲ್ಲಿ ಅಕ್ಕನ ಹೆಸರಿತ್ತು. ಅದರ ಪಕ್ಕ ಅಂಟುಪಟ್ಟಿಯಿಂದ ಒಂದು ಚೀಟಿ ಅಂಟಿಸಿತ್ತು. ವೆಂಡೆಲೀನ್ ಕನ್ನಡಕಕ್ಕೆ ತಡಕಾಡಿದರು. ನಾನು ಓದಿದೆ: "ವೆಂಡಾ, ದೋಣಿಕಟ್ಟೆಯಲ್ಲಿದ್ದೇನೆ. ಬರದೇ ಇದ್ದವನಿಗೆ ಯಾಕೆ ಬರೆಯುತ್ತಿದ್ದೇನೋ ಗೊತ್ತಿಲ್ಲ."

ಮೂರೂಕಾಲು ಆಗಿತ್ತು. ದೋಣಿಕಟ್ಟೆಗೆ ಬೀದಿಯ ಕೊನೆಯಲ್ಲಿ ಇಳಿಯಬೇಕು. ನನ್ನನ್ನು ಬಿಟ್ಟು ಓಡಿ ಎಂದೆ. ಅವರು ಓಡಿದರು, ಎಪ್ಪತ್ತರವರು ಓಡುವಷ್ಟು.

ನಾನು ಮೆಟ್ಟಿಲ ತುದಿಗೆ ತಲುಪುವಾಗ ಅವರು ಅರ್ಧದಲ್ಲಿ ನಿಂತುಬಿಟ್ಟಿದ್ದರು. ಕೆಳಗೆ, ನೀರಿಗೆ ಎರಡು ಮೆಟ್ಟಿಲು ಮೇಲೆ, ಬೂದುಬಣ್ಣದ ಕೋಟಿನ ಹೆಂಗಸು ಕುಳಿತಿದ್ದರು. ತೊಡೆಯ ನಡುವೆ ಕಪ್ಪು ತಗಡಿನ ಡಬ್ಬ. ಅದರ ಮುಚ್ಚಳದ ಅಂಚಿಗೆ ಅಡುಗೆಯ ಚಾಕು ತೂರಿಸಿ ಮೀಟುತ್ತಿದ್ದರು. ಏನೋ ತಿನ್ನಲು ಸಿಗುತ್ತದೆಂದು ಐದಾರು ಹಂಸಗಳು ಹತ್ತಿರ ಬಂದಿದ್ದವು. ದೋಣಿ ಬಾಡಿಗೆಗೆ ಕೊಡುವ ಮನುಷ್ಯ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಬಂದ.

"ಚಾಕು ಮುರೀತೀರಾ ಅಜ್ಜಿ, ಕೊಡಿ ಇಲ್ಲಿ," ಎಂದ. "ಪೇಂಟ್ ಒಣಗಿಹೋದ್ರೆ ಹೀಗೇ, ಮುಚ್ಚಳ ಕಚ್ಕೊಂಡ್‌ಬಿಡತ್ತೆ. ಯಾವ ಬಣ್ಣ?"

"ಬಣ್ಣ ಅಲ್ಲ. ನಮ್ಮಮ್ಮ."

ಅವನು ಟೋಪಿ ತೆಗೆದ. ಸ್ಕ್ರೂಡ್ರೈವರ್ ಕೊಡುವುದೋ ಬೇಡವೋ ತಿಳಿಯದೆ ಅದನ್ನು ಎದೆಗೆ ಹಿಡಿದು ನಿಂತ.

"ಅಕ್ಕಾ," ಎಂದರು ವೆಂಡೆಲೀನ್.

ಬ್ಲಾಜೆನಾ ತಿರುಗಿ ನೋಡಿದರು. ಚಾಕು ಕೆಳಗಿಡಲಿಲ್ಲ.

"ಎಷ್ಟು ಗಂಟೆ ಈಗ?"

"ಮೂರೂವರೆ ಆಗ್ತಾ ಬಂತು."

"ನಾನೇನು ಬರೆದಿದ್ದೆ?"

"ಎರಡು. ಎರಡಕ್ಕೇ ಬಂದೆ ಅಕ್ಕಾ. ಇಪ್ಪತ್ತೇಳನೇ ಮನೆ ಮುಂದೆ ಕೂತಿದ್ದೆ. ನೀಲಿ ಇಪ್ಪತ್ತೇಳು. ಇವರನ್ನ ಕೇಳು ಬೇಕಾದ್ರೆ."

ಬ್ಲಾಜೆನಾ ನನ್ನತ್ತ ನೋಡಿದರು. ನಾನು ತಲೆಯಾಡಿಸಿದೆ.

"ಗೆರೆ ಆದ್ಮೇಲೆ ಒಂಬತ್ತು ಅಂತ ಬರೆದಿದ್ನಲ್ಲೋ?"

"ಅದು ಒಳಬಾಗಿಲಿನ ನಂಬರ್ ಅಂದ್ಕೊಂಡೆ."

ಬ್ಲಾಜೆನಾ ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಮೂರರ ತನಕ ಕಿಟಕಿ ಬಿಟ್ಟು ಕದಲಲಿಲ್ಲ ಕಣೋ ನಾನು. ನಾಯಿಗಿಂತ ಹಟ ಇವನಿಗೆ, ಬರಲ್ಲ ಅಂದ್ಕೊಂಡೆ. ನೀನು ನೋಡಿದ್ರೆ ಒಂಬತ್ತು ಮನೆ ಆಚೆ ಕೂತಿದೀಯ."

"ನೀನು ಬೇಕಂತ ಮಾಡಿದೀಯ ಅಂದ್ಕೊಂಡೆ ನಾನು."

"ಅಂದ್ಕೋತೀಯ, ಗೊತ್ತು."

ದೋಣಿಯವನು ಮೆಲ್ಲಗೆ ಹಿಂದೆ ಸರಿದು ತನ್ನ ದೋಣಿಗಳ ಹಗ್ಗ ಬಿಗಿಯಲು ಹೋದ. ಬಿಗಿಯುವುದಕ್ಕೇನೂ ಇರಲಿಲ್ಲ. ವೆಂಡೆಲೀನ್ ಒಂದೊಂದೇ ಮೆಟ್ಟಿಲು ಇಳಿದು ಅಕ್ಕನ ಪಕ್ಕ ಕುಳಿತರು.

"ಆಗಿನಿಂದ ಮೀಟ್ತಿದೀನಿ, ಬರ್ತಾನೇ ಇಲ್ಲ," ಎಂದರು ಬ್ಲಾಜೆನಾ, ಮುಚ್ಚಳದ ಗೀರುಗಳ ಮೇಲೆ ಬೆರಳಾಡಿಸುತ್ತಾ. "ನೋಡು, ಎಷ್ಟು ಗೀಚಿಬಿಟ್ಟೆ."

"ಊರಲ್ಲಿ ಯಾರು ನೋಡ್ತಾರೆ. ಮೇ ತಿಂಗಳಲ್ಲಿ ಇಡೋಣ, ಆಗ ಹಿಮ ಕರಗಿ ನೆಲ ಮೆತ್ತಗಿರತ್ತೆ. ನೀನು ಬರೋ ತನಕ ಇಡಲ್ಲ."

"ಆ ಆಶ್ರಮದೋರು ಬಿಡ್ಬೇಕಲ್ಲ."

"ಜೈಲಾ ಅದು? ನಾನೇ ಬಂದು ಕರ್ಕೊಂಡು ಹೋಗ್ತೀನಿ."

ಬ್ಲಾಜೆನಾ ಕೊರಳಿನ ಶಾಲು ಬಿಚ್ಚಿ ಡಬ್ಬಕ್ಕೆ ಎರಡು ಸುತ್ತು ಸುತ್ತಿದರು. ಹನ್ನೊಂದು ವರ್ಷ ಕಪಾಟಿನ ಮೇಲಿದ್ದುದನ್ನು ಇನ್ನೂ ಸ್ವಲ್ಪ ಹೊತ್ತು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಆಮೇಲೆ ತಮ್ಮನ ತೊಡೆಯ ಮೇಲಿಟ್ಟರು.

"ರೈಲಲ್ಲಿ ಮುಂದಕ್ಕೆ ಮುಖ ಮಾಡಿ ಕೂತ್ಕೋ," ಎಂದರು. "ಹಿಂದಕ್ಕೆ ಕೂತ್ರೆ ಅಮ್ಮಂಗೆ ತಲೆ ಸುತ್ತತ್ತೆ."

"ಗೊತ್ತು ಅಕ್ಕಾ," ಎಂದರು ವೆಂಡೆಲೀನ್.