ರಂಗೋಲಿಯ ಊರಿಗೆ ಬಂದ ಬಸ್ಸು

ಕೋಮಲಳ ದನಿ ಸಣ್ಣದು. ಎಷ್ಟು ಸಣ್ಣದೆಂದರೆ, ಹೆಮ್ಮರಗಾಲದ ಮನೆಯಲ್ಲಿ ಅವಳು ‘ಅವ್ವ, ಅನ್ನ ಸೀಯ್ತಾ ಅದೆ’ ಎಂದದ್ದು ಅವ್ವನಿಗೆ ಕೇಳಿಸುವಷ್ಟರಲ್ಲಿ ಅನ್ನ ಸೀದು ಮುಗಿದಿರುತ್ತಿತ್ತು. ಇಂಥವಳು ಹೋಗಿ ಹೋಗಿ ಮೈಸೂರಿನ ಒಂದು ಕ್ರೈಸ್ತ ಕಾಲೇಜಿನಲ್ಲಿ ಎಂ.ಎಸ್.ಡಬ್ಲ್ಯು. ಸೇರಿದಳು. ಸಮಾಜಕಾರ್ಯ ಓದುವವರು ಸಮಾಜದ ಜೊತೆ ಮಾತಾಡಬೇಕಾಗುತ್ತದೆ ಎನ್ನುವುದು ಅರ್ಜಿ ತುಂಬುವಾಗ ಅವಳಿಗೆ ಹೊಳೆದಿರಲಿಲ್ಲ.

ವಾರಕ್ಕೆ ಎರಡು ದಿನ ಫೀಲ್ಡ್‌ವರ್ಕ್. ಅವಳ ಪಾಲಿಗೆ ಬಂದದ್ದು ಬಿಳಿಗೆರೆಯಿಂದ ಎರಡು ಮೈಲಿ ಆಚೆಗಿನ ಕಟ್ಟೆಕೊಪ್ಪಲು. ಫೀಲ್ಡ್‌ವರ್ಕ್ ನೋಡಿಕೊಳ್ಳುವ ಮೇಷ್ಟ್ರು ಫಾದರ್ ಚೌರಪ್ಪನವರು ಅವಳ ಡೈರಿಯಲ್ಲಿ ಕೆಂಪು ಶಾಯಿಯಿಂದ ‘ಜನರ ಮುಂದೆ ದನಿ ಏಳುವುದಿಲ್ಲ’ ಎಂದು ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದಿದ್ದರು.

ಕೊನೆಗೆ ಉಳಿದದ್ದು ಊರಿನ ನಕ್ಷೆ. ಊರಿನವರೆಲ್ಲ ಒಟ್ಟಾಗಿ ಕೂತು, ನೆಲದ ಮೇಲೆ ತಮ್ಮ ಊರನ್ನು ತಾವೇ ಬರೆಯಬೇಕು. ವಿದ್ಯಾರ್ಥಿ ಒಂದು ಗೆರೆಯನ್ನೂ ಎಳೆಯುವಂತಿಲ್ಲ. ಫಾದರ್ ಬಂದು ಕಣ್ಣಾರೆ ನೋಡಿ ಅಂಕ ಹಾಕುತ್ತಾರೆ. ಮೊದಲ ಸಲ ಕೋಮಲ ಡ್ರಾಯಿಂಗ್ ಹಾಳೆ ಹಾಸಿಕೊಂಡು ಕೂತಾಗ ಬಂದವರು ಮೂವರು ಮುದುಕಿಯರು, ಒಂದು ಮೇಕೆ. ಮುದುಕಿಯರು ಎದ್ದು ಹೋದರು, ಮೇಕೆ ಮಾತ್ರ ಕಡೆತನಕ ಇದ್ದು ಊರಿನ ಉತ್ತರ ಭಾಗವನ್ನು ತಿಂದು ಹೋಯಿತು. ಎರಡನೇ ಸಲವೂ ಕೆಟ್ಟರೆ ಇಡೀ ವರ್ಷ ಮತ್ತೆ ಓದಬೇಕು. ಅವಳ ಅವ್ವ ಗೋವಿಂದಮ್ಮನೋ ಆಗಲೇ ‘ನನ್ ಮಗ್ಳು ಬರೋ ವರ್ಸ ಆಪೀಸರ್ರು’ ಎಂದು ಹೆಮ್ಮರಗಾಲದಲ್ಲೆಲ್ಲ ಸಾರಿಬಿಟ್ಟಿದ್ದಳು. ಇಲ್ಲವ್ವ, ಇನ್ನೊಂದು ವರ್ಷ ತಡ ಎಂದು ಹೇಳುವಷ್ಟು ದನಿಯೂ ಕೋಮಲಳಲ್ಲಿ ಇರಲಿಲ್ಲ. ನೆನೆಸಿಕೊಂಡರೇ ಅವಳಿಗೆ ಅಳು ಬರುತ್ತಿತ್ತು.

ನಕ್ಷೆ ಬರೆಯಲು ಜಾಗ ಹುಡುಕುವುದೇ ಒಂದು ತಲೆನೋವು. ಮೇಲಿನ ಬೀದಿಯ ಶಂಭುಲಿಂಗಪ್ಪನವರ ಜಗಲಿಯಲ್ಲಾದರೆ ಕೆಳಗಿನ ಕೇರಿಯವರು ಬರುವ ಹಾಗಿಲ್ಲ. ಕೇರಿಯಲ್ಲಾದರೆ ಮೇಲಿನವರು ಬರುವುದಿಲ್ಲ. ಎರಡರ ನಡುವೆ ಶಂಭುಲಿಂಗಪ್ಪನವರು ರಾಗಿ ಬಡಿಯುವ ಕಣ. ಅದಕ್ಕೆ ಸುತ್ತ ತಂತಿ ಬೇಲಿ, ರಸ್ತೆ ಕಡೆಗೊಂದು ಗೇಟು, ಕೇರಿ ಕಡೆಗೊಂದು ಗೇಟು, ಎರಡಕ್ಕೂ ಬೀಗ. ಕಣದೊಳಗಿಂದ ಹೋದರೆ ಕೇರಿಯಿಂದ ಟಾರ್ ರಸ್ತೆಗೆ ಎಂಬತ್ತು ಹೆಜ್ಜೆ. ಕೆರೆ ಏರಿಯ ಗಾಡಿದಾರಿ ಬಳಸಿ ಬಂದರೆ ಅರ್ಧ ಗಂಟೆ. ಕೇರಿಯ ಹಿರಿಯ ಚಾಮಯ್ಯ ‘ಒಂದು ಕಾಲ್ದಾರಿ ಬುಡಿ ಬುದ್ದಿ’ ಎಂದು ಕೇಳುತ್ತಿದ್ದ. ಶಂಭುಲಿಂಗಪ್ಪನವರು ‘ನೋಡಾನ’ ಎನ್ನುತ್ತಿದ್ದರು. ಇಪ್ಪತ್ತು ವರ್ಷದಿಂದ ಅವರು ನೋಡುತ್ತಲೇ ಇದ್ದರು.

ಕೊನೆಗೆ ಕೋಮಲ ಟಾರ್ ರಸ್ತೆಯನ್ನೇ ಆರಿಸಿಕೊಂಡಳು. ಅದು ಪಿಡಬ್ಲ್ಯುಡಿಯವರದು, ಊರಿನ ಯಾರ ಅಪ್ಪನ ಮನೆಯದೂ ಅಲ್ಲ. ದಿನಕ್ಕೆ ಎರಡು ಬಸ್ಸು ಬಿಟ್ಟರೆ ಅಲ್ಲಿ ಓಡಾಡುವುದು ಎತ್ತಿನಗಾಡಿ. ‘ನಾನು ಮಧ್ಯಾಹ್ನದ ಬಸ್ಸಿಗೇ ಬರ್ತೀನಿ’ ಎಂದಿದ್ದರು ಫಾದರ್. ಹಾಗೆ ಬಂದ ಬಸ್ಸು ಫಾದರನ್ನು ಇಳಿಸಿದ ಮೇಲೆ ಎಲ್ಲಿ ಹೋಗಬೇಕು ಎನ್ನುವುದನ್ನು ಮಾತ್ರ ನಮ್ಮ ಕೋಮಲ ಯೋಚಿಸಿರಲಿಲ್ಲ. ಸ್ನಾತಕೋತ್ತರ ಪದವಿಯವರಿಗೆ ಇಂಥ ಸಣ್ಣ ವಿಷಯ ಹೊಳೆಯುವುದು ಕಷ್ಟ.

ನಂಜನಗೂಡಿನಿಂದ ಐದು ಕೇಜಿ ರಂಗೋಲಿ ಪುಡಿ ತಂದು ರಸ್ತೆಯ ಮಧ್ಯೆ ಗುಡ್ಡೆ ಹಾಕಿ, ಅವಳು ಸುಮ್ಮನೆ ಪಕ್ಕದಲ್ಲಿ ಕೂತಳು. ಈ ಸಲ ಯಾರನ್ನೂ ಕರೆಯಬೇಕಾಗಲಿಲ್ಲ. ರಂಗೋಲಿ ಗುಡ್ಡೆ ಕಂಡ ಹೆಂಗಸರು ಒಂದು ಚಿಟಿಕೆ ತೆಗೆಯದೆ ಹೋದಾರೆಯೇ? ಶಂಭುಲಿಂಗಪ್ಪನವರ ತಾಯಿ ಗುರುಬಸಮ್ಮ ಬಂದು ರಸ್ತೆಯ ಗೆರೆ ಎಳೆದರು. ಹಿಂದೆಯೇ ಶಂಭುಲಿಂಗಪ್ಪನವರು ಪಂಚೆ ಎತ್ತಿ ಕಟ್ಟಿ ಕೂತು, ತಮ್ಮ ಮನೆಗೆ ಇನ್ನೂ ಕಟ್ಟಿಸದ ಮಹಡಿಯನ್ನೂ ಸೇರಿಸಿ, ರಸ್ತೆಯ ಮುಕ್ಕಾಲು ಅಗಲಕ್ಕೆ ಬರೆದರು. ಅದನ್ನು ನೋಡಿ ಪಕ್ಕದ ಮನೆಯವರಿಗೆ ಹೊಟ್ಟೆ ಉರಿದು, ಅವರ ಕೊಟ್ಟಿಗೆ ಅರಮನೆಯಷ್ಟಾಯಿತು. ಅಷ್ಟರಲ್ಲಿ ಕೇರಿಯವರು ಏರಿ ಬಳಸಿ ಬಂದು, ಇನ್ನೊಂದು ತುದಿಯಿಂದ ತಮ್ಮ ನಲವತ್ತು ಮನೆಗಳನ್ನು ಬರೆಯತೊಡಗಿದರು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಅವರೆಕಾಳು ಇಟ್ಟರು. ಒಂದು ಕೋಳಿ ಬಂದು ಮೂರು ಸಂಸಾರವನ್ನು ನುಂಗಿತು. ಅದನ್ನು ಅಟ್ಟಲು ಮೇಲಿನವರೂ ಕೆಳಗಿನವರೂ ಒಟ್ಟಿಗೇ ಓಡಿದರು.

ಎಲ್ಲ ಸರಿಯಾಗಿಯೇ ಇತ್ತು. ಆದರೆ ನಕ್ಷೆಯಲ್ಲಿ ದೇವಸ್ಥಾನ ಬಂತಲ್ಲ, ಗುರುಬಸಮ್ಮನವರಿಗೆ ಸುಮ್ಮನಿರಲು ಆಗಲಿಲ್ಲ. ಮನೆಗೆ ಹೋಗಿ ಅರಿಶಿನ ಕುಂಕುಮ ತಂದು ಇಟ್ಟರು, ಕರ್ಪೂರ ಹಚ್ಚಿದರು. ಎರಡೂ ಬೀದಿಯವರು ಚಪ್ಪಲಿ ಬಿಟ್ಟು ಕೈಮುಗಿದರು. ಮಂಗಳಾರತಿ ಆದ ಮೇಲೆ ಅದು ನಕ್ಷೆಯಾಗಿ ಉಳಿಯಲಿಲ್ಲ.

ಆಗ ಬಸ್ಸು ಬಂತು.

ತಿ. ನರಸೀಪುರದ ಡ್ರೈವರ್ ನಂಜುಂಡಸ್ವಾಮಿ ಹಾರ್ನ್ ಒತ್ತಿದ. ಯಾರೂ ಏಳಲಿಲ್ಲ. ಮತ್ತೆ ಒತ್ತಿದ. ಶಂಭುಲಿಂಗಪ್ಪನವರು ಎದ್ದು ಬಸ್ಸಿನ ಮೂತಿಗೆ ಎದೆ ಕೊಟ್ಟು ನಿಂತರು.

“ಕಣ್ ಕಾಣಾಕಿಲ್ವೇನಯ್ಯಾ? ನಮ್ಮನೆ ಮೇಲೆ ಬಸ್ ಅತ್ತುಸ್ತೀಯಾ?”

“ಸಾ, ಇದು ರೋಡು! ರಂಗೋಲಿ ತಾನೆ ಸಾ!”

“ರಂಗೋಲಿನಾ? ಕರ್ಪೂರ ಅಚ್ಚಿದ್ದೀವಿ ಕಣಯ್ಯಾ! ನಿನ್ ಮನೆ ದ್ಯಾವರ ಕ್ವಾಣೆ ಮೇಲೆ ನಾನ್ ಟ್ರಾಕ್ಟ್ರು ಓಡುಸ್ಲಾ?”

ಕೇರಿಯವರೂ ಎದ್ದು ಅವರ ಪಕ್ಕದಲ್ಲೇ ನಿಂತರು. ಬಸ್ಸಿನೊಳಗಿದ್ದ ಮೂವತ್ತು ಜನ ಕಿಟಕಿಯಿಂದ ತಲೆ ಹಾಕಿ, ಅರ್ಧ ಜನ ಡ್ರೈವರನ ಕಡೆಗೂ ಅರ್ಧ ಜನ ದೇವರ ಕಡೆಗೂ ವಾದಕ್ಕೆ ನಿಂತರು. ಕೋಮಲ ‘ದಯವಿಟ್ಟು ಎಲ್ಲರೂ’ ಎಂದಳು, ‘ಒಂದು ನಿಮಿಷ’ ಎಂದಳು. ಅದು ಅವಳ ಕಿವಿಗೇ ಕೇಳಿಸಲಿಲ್ಲ.

ಆ ಗಲಾಟೆಯಲ್ಲಿ ಬಸ್ಸಿನ ಹಿಂಬಾಗಿಲಿನಿಂದ ಒಬ್ಬರು ಇಳಿದು, ಹೆಗಲಿಗೆ ಚೀಲ, ಕಾಲಿಗೆ ಬೂಟು, ಜನರನ್ನು ಸರಿಸಿಕೊಂಡು ನೇರ ನಕ್ಷೆಯ ಕಡೆಗೆ ಬಂದರು. ಬೂಟು ಎತ್ತಿದರು. ಅದರ ಕೆಳಗಿದ್ದದ್ದು, ಚಾಮಯ್ಯ ಮೊಣಕಾಲೂರಿ, ಉಸಿರು ಬಿಗಿ ಹಿಡಿದು, ಅರ್ಧ ಗಂಟೆ ಬರೆದ ಅಂಗೈಯಗಲದ ಮನೆ.

“ಏಯ್! ನಿಂತ್ಕಳ್ರೀ!”

ಹುಣಸೆಮರದ ಕಾಗೆಗಳು ಹಾರಿದವು. ಬಸ್ಸಿನಲ್ಲಿ ಮಲಗಿದ್ದ ಒಂದು ಕೂಸು ಎಚ್ಚರವಾಗಿ ಅತ್ತಿತು.

“ಚಾಮಯ್ಯನೋರ ಮನೆ ತುಳೀತಿದ್ದೀರಲ್ರೀ! ಬೂಟು ಬಿಚ್ರೀ ಮೊದ್ಲು!”

ಕೂಗಿದವರು ಯಾರು ಎಂದು ಎಲ್ಲರೂ ತಿರುಗಿದರು. ಕೋಮಲಳೂ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಎದುರಿಗೆ ಒಂದು ಕಾಲನ್ನು ಗಾಳಿಯಲ್ಲಿಟ್ಟುಕೊಂಡು ನಿಂತಿದ್ದವರು ಫಾದರ್ ಚೌರಪ್ಪನವರು.

ಮುಗಿಯಿತು ನನ್ನ ವರ್ಷ, ಎಂದುಕೊಂಡಳು ಕೋಮಲ. ಫಾದರ್ ಒಂಟಿಕಾಲಲ್ಲೇ ಓಲಾಡಿಕೊಂಡು ಬೂಟು ಬಿಚ್ಚಿದರು, ಇನ್ನೊಂದನ್ನೂ ಬಿಚ್ಚಿದರು, ಎರಡನ್ನೂ ಕಂಕುಳಲ್ಲಿ ಇಟ್ಟುಕೊಂಡರು. “ತಪ್ಪಾಯ್ತಮ್ಮ” ಎಂದರು.

ಹೋದದ್ದು ಹೇಗೂ ಹೋಯಿತು. ಇನ್ನು ಕಳೆದುಕೊಳ್ಳುವುದು ಏನೂ ಇಲ್ಲ ಎನ್ನಿಸಿ ಕೋಮಲಳಿಗೆ ಒಂದು ಮೊಂಡು ಧೈರ್ಯ ಬಂತು. ಎದ್ದ ದನಿಯೂ ಕೆಳಗಿಳಿಯಲು ಒಪ್ಪಲಿಲ್ಲ.

“ಯಜಮಾನ್ರೇ! ಬಸ್ ಓಗಕ್ಕೆ ಇರೋದು ಎರಡೇ ದಾರಿ. ಒಂದು ನಿಮ್ ಮಹಡಿ ಮೇಲೆ. ಇನ್ನೊಂದು ನಿಮ್ ಕಣದ ಒಳಗೆ. ಯಾವ್ದು ಅಂತೀರಿ!”

ಶಂಭುಲಿಂಗಪ್ಪನವರು ಕಣದ ಕಡೆ ನೋಡಿದರು. ಆಮೇಲೆ ತಮ್ಮ ಮಹಡಿಯ ಕಡೆ ನೋಡಿದರು. ಎಷ್ಟು ಚೆನ್ನಾಗಿ ಬಂದಿತ್ತು, ಬಾಲ್ಕನಿ ಬೇರೆ.

“ನೋಡಾನ” ಎಂದರು.

“ಏನ್ ನೋಡೀಯಲಾ ಸಂಬು?” ಗುರುಬಸಮ್ಮ ರೇಗಿದರು. “ಕರ್ಪೂರ ಇನ್ನೂ ಉರೀತಾ ಅದೆ. ಬೀಗ ತಗಿ!”

ಶಂಭುಲಿಂಗಪ್ಪನವರು ಉಡಿದಾರದಿಂದ ಬೀಗದಕೈ ಬಿಚ್ಚಿದರು. ರಸ್ತೆ ಕಡೆಯ ಗೇಟು ತೆರೆಯಿತು, ಕೇರಿ ಕಡೆಯದು ತುಕ್ಕು ಹಿಡಿದು ಕಿರುಚಿಕೊಂಡು ತೆರೆಯಿತು. ಬಸ್ಸು ಕಣದೊಳಗೆ ನುಗ್ಗಿ, ಹುಲ್ಲಿನ ಮೆದೆಯ ಒಂದು ಮಗ್ಗುಲು ತರಚಿಕೊಂಡು, ಆಚೆಯಿಂದ ಕೇರಿಗೆ ಇಳಿಯಿತು. ಕೇರಿಗೆ ಬಸ್ಸು ಬಂದದ್ದು ಅದೇ ಮೊದಲು. ಮನೆಯಲ್ಲೇ ಉಳಿದಿದ್ದ ಒಬ್ಬ ಬಾಣಂತಿ ಮಗುವನ್ನು ಎತ್ತಿಕೊಂಡು ಹೊಸಿಲಿನಲ್ಲೇ ನಿಂತು ಕೈ ಅಡ್ಡ ಹಾಕಿದಳು. ಬಸ್ಸು ನಿಂತಿತು, ಹತ್ತಿಸಿಕೊಂಡಿತು, ಏರಿಯ ಗಾಡಿದಾರಿ ಹಿಡಿದು ಮುಂದೆ ಟಾರ್ ರಸ್ತೆ ಸೇರಿ ನರಸೀಪುರಕ್ಕೆ ಹೋಯಿತು.

ಶಂಭುಲಿಂಗಪ್ಪನವರು ಗೇಟು ಹಾಕಲು ಹೋದರು. ಗೇಟಿನಲ್ಲಿ ಚಾಮಯ್ಯ ಕೋಲೂರಿಕೊಂಡು ನಿಂತಿದ್ದ.

“ಬುದ್ದಿ, ಬಸ್ಸೇ ಓದ ಜಾಗ್ವ ರೋಡು ಅನ್ನಬೇಕೋ ಕಣ ಅನ್ನಬೇಕೋ?”

ಕೋಮಲ ರಂಗೋಲಿಯ ಬಟ್ಟಲು ಹಿಡಿದು ಬಂದಳು. “ನಕ್ಷೆ ಇನ್ನೂ ಮುಗಿದಿಲ್ಲ ಯಜಮಾನ್ರೇ. ನಾನು ಗೆರೆ ಎಳೆಯೋ ಹಾಗಿಲ್ಲ” ಎಂದಳು. ಈಗ ಮೆಲ್ಲಗೇ ಹೇಳಿದಳು, ಆದರೂ ಎಲ್ಲರಿಗೂ ಕೇಳಿಸಿತು.

ಶಂಭುಲಿಂಗಪ್ಪನವರು ಊರನ್ನು ನೋಡಿದರು, ಫಾದರನ್ನು ನೋಡಿದರು, ತಾಯಿಯನ್ನು ಮಾತ್ರ ನೋಡಲಿಲ್ಲ. ಒಂದು ಹಿಡಿ ಪುಡಿ ತೆಗೆದುಕೊಂಡು ನಕ್ಷೆಯ ಬಳಿ ಕುಕ್ಕರುಗಾಲಲ್ಲಿ ಕೂತು, ಅದರಲ್ಲಿದ್ದ ತಮ್ಮ ಕಣದ ನಡುವೆ ಕೇರಿಯಿಂದ ರಸ್ತೆಗೆ ಒಂದು ಗೆರೆ ಎಳೆದರು.

“ನೆಟ್ಟಗೆ ಎಳಿಯೋ” ಎಂದರು ಗುರುಬಸಮ್ಮ.

ಸಂಜೆ ಫಾದರ್ ಡೈರಿ ಕೇಳಿ ಈಸಿಕೊಂಡರು. ‘ಜನರ ಮುಂದೆ ದನಿ ಏಳುವುದಿಲ್ಲ’ ಎಂಬುದರ ಕೆಳಗೆ ಅದೇ ಕೆಂಪು ಶಾಯಿಯಲ್ಲಿ ಬರೆದರು: ‘ಎದ್ದಿದೆ. ಬೂಟು ಬಿಚ್ಚಿದವನು ನಾನೇ. ಪಾಸು.’ ಕೋಮಲ ಅದನ್ನು ಮೂರು ಸಲ ಓದಿ, ಮುಖ ಮುಚ್ಚಿಕೊಂಡು ಅತ್ತಳು, ನಕ್ಕಳು.

ಮಾರನೆಯ ವಾರ ಅವಳು ಬೆಳಗಿನ ಬಸ್ಸಿಗಿಂತ ಮೊದಲೇ ಎತ್ತಿನಗಾಡಿಯಲ್ಲಿ ಕಟ್ಟೆಕೊಪ್ಪಲಿಗೆ ಬಂದಳು. ನಕ್ಷೆ ಗಾಳಿಗೆ ಅಳಿಸಿಹೋಗಿತ್ತು. ಗೇಟು ತೆರೆದೇ ಇತ್ತು. ರಸ್ತೆಯ ಬದಿಯಲ್ಲಿ ಚಾಮಯ್ಯ ಒಬ್ಬನೇ ನಿಂತಿದ್ದ.

“ಇದ್ಯಾಕೆ ತಾತ, ಇಷ್ಟು ಬೇಗ ಬಂದ್ಬುಟ್ಟಿದ್ದೀಯಾ? ಬಸ್ಸಿಗೆ ಇನ್ನೂ ಅರ್ಧ ಗಂಟೆ ಅದೆಯಲ್ಲ!”

“ದಿನಾ ಒರಡೋ ಒತ್ತಿಗೇ ಮನೆ ಬುಟ್ಟೆ ಕಣವ್ವ” ಎಂದ ಚಾಮಯ್ಯ, ಕಣದ ಕಡೆ ತಿರುಗಿ ನೋಡುತ್ತ. “ದಾರಿನೇ ಬಿರ್ನೆ ಮುಗ್ದೋಯ್ತು.”