ರೇಡಿಯೋ ಮಾವ ಮಾತಾಡದೆ ಮಾಡಿದ ಕಟಿಂಗ್

ನಮ್ಮ ಬೀದಿಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ ಒಂದು ಸಂಗತಿಯನ್ನು ದಪ್ಪಕ್ಷರದಲ್ಲಿ ದಾಖಲಿಸಬೇಕಾಗುತ್ತದೆ. ಈಚಿನ ಒಂದು ಗುರುವಾರ ಸಂಜೆ, ಬಸ್ ಡ್ರೈವರ್ ಮನೆಯ ವರಾಂಡದಲ್ಲಿ, ನಮ್ಮ ಸಲೂನಿನ ಯಜಮಾನರು ಮೊದಲಿನಿಂದ ಕೊನೆಯವರೆಗೆ ತಾವಾಗಿ ಒಂದು ಮಾತೂ ಆಡದೆ ಒಬ್ಬರ ತಲೆಗೂದಲು ಕತ್ತರಿಸಿದರು. ಎದುರುಮನೆಯ ನಿವೃತ್ತ ಮೇಷ್ಟ್ರು ಇದಕ್ಕೆ ಕಣ್ಣಾರೆ ಸಾಕ್ಷಿ. ಅವರು ಮೊದಲು, ಹಲ್ಲುನೋವೇ ಎಂದು ಕೈಸನ್ನೆಯಲ್ಲಿ ವಿಚಾರಿಸಿದರು. ಅಲ್ಲವೆಂದು ತಿಳಿದ ಮೇಲೆ ಒಳಗೆ ಹೋಗಿ ಹೆಂಡತಿಯನ್ನೂ ಕರೆತಂದು ತೋರಿಸಿದರು.

ಇದೆಷ್ಟು ದೊಡ್ಡ ವಿಷಯವೆಂದು ತಿಳಿಯಬೇಕಾದರೆ ಆ ಸಲೂನಿನಲ್ಲಿ ಒಮ್ಮೆಯಾದರೂ ಕೂತಿರಬೇಕು. ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ರೇಡಿಯೋ ಮಾವ. ಕತ್ತರಿ ತಲೆಯ ಮೇಲೆ, ಕಣ್ಣು ಕನ್ನಡಿಯಲ್ಲಿ, ಬಾಯಿ ಊರ ಮೇಲೆ. ಗಿರಾಕಿಗಳೂ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತವನು ಎಲ್ಲಿಗೂ ಎದ್ದು ಹೋಗಲಾರ. ಹಾಗಾಗಿ ನಿಜ ಹೇಳಿಬಿಡುತ್ತಾನೆ. ಹೇಳಿದ್ದಕ್ಕೆಲ್ಲ ಮಾವನ ಬಳಿ ಔಷಧವಿತ್ತು. ನಿದ್ದೆ ಬರದವನಿಗೆ ಬೆಳಗಿನ ನಡಿಗೆ, ಹೆಂಡತಿ ಮಾತು ಬಿಟ್ಟವನಿಗೆ ತಾಳ್ಮೆ, ಸುಮ್ಮಸುಮ್ಮನೆ ಅಳು ಬರುವವನಿಗೆ ಎಣ್ಣೆ ಮಾಲೀಸು. ಈ ಮೂರರಲ್ಲಿ ಕಾಸು ಕೊಡಬೇಕಾದದ್ದು ಮಾಲೀಸಿಗೆ ಮಾತ್ರ.

ಅಂಗಡಿಯ ನಡುವೆ ಒಂದು ಪರದೆ. ಪರದೆಯ ಆಚೆ ಹೆಂಗಸರ ವಿಭಾಗ. ಅದನ್ನು ನೋಡಿಕೊಳ್ಳುವವಳು ಮಾವನ ಮಗಳು. ಕೆಲಸದ ನಡುವೆಯೇ ಅವಳು ದೂರಶಿಕ್ಷಣದಲ್ಲಿ ಮನಃಶಾಸ್ತ್ರದ ಪದವಿ ಮುಗಿಸಿದ್ದಳು. ಅದಕ್ಕೆ ಮಾವನ ತಕರಾರು ಇರಲಿಲ್ಲ. ಮನೆಯಲ್ಲಿ ಕೂತು ಓದುವುದು, ಯಾರಿಗೆ ತೊಂದರೆ? ಆದರೆ ಈಗ ವೃತ್ತಿಪರ ಮನಃಶಾಸ್ತ್ರದ ಸ್ನಾತಕೋತ್ತರ ಪದವಿಗೆ, ಅಂದರೆ ಜನರ ಮನಸ್ಸಿನ ತೊಂದರೆ ಕೇಳಿ ನೆರವಾಗಲು ಕಲಿಸುವ ಓದಿಗೆ, ಅವಳಿಗೆ ಸೀಟು ಸಿಕ್ಕಿತ್ತು. ಎರಡು ವರ್ಷ, ಹಗಲಿನ ತರಗತಿ. ಬರುತ್ತೇನೆಂದು ಶನಿವಾರದೊಳಗೆ ಕಾಲೇಜಿಗೆ ತಿಳಿಸದಿದ್ದರೆ ಸೀಟು ಬೇರೆಯವರ ಪಾಲು. ತಿಳಿಸಿದರೆ ಪರದೆಯಾಚೆಯ ಕುರ್ಚಿ ವಾರವೆಲ್ಲ ಖಾಲಿ. ಅಂಗಡಿ ನಿಂತಿದ್ದೇ ಇಬ್ಬರ ಕೈಮೇಲೆ. ಅಪ್ಪ ಹೂಂ ಅನ್ನದೆ ಅವಳು ಹೆಜ್ಜೆ ಕೀಳುವಂತಿರಲಿಲ್ಲ.

ಸೋಮವಾರ ಸಂಜೆ, ನೆಲದ ಕೂದಲು ಗುಡಿಸುವ ಹೊತ್ತಿಗೆ, ಅವಳು ವಿಷಯ ಎತ್ತಿದಳು.

“ಇನ್ನೊಬ್ಬರ ಮಾತು ಕೇಳೋಕೆ ಕಾಲೇಜಿಗೆ ಹೋಗ್ಬೇಕೇನಮ್ಮ?” ಎಂದರು ಮಾವ. “ಹಾಗಾದ್ರೆ ಇಷ್ಟು ವರ್ಷ ಇಲ್ಲಿ ನಾನೇನು ಕತ್ತೆ ಕಾಯ್ತಿದ್ನಾ?”

“ನೀನು ಮಾತಾಡ್ತಿದ್ದೆ ಅಪ್ಪ.”

“ಕೇಳಿಸ್ಕೊಳ್ದೆ ಮಾತಾಡೋಕಾಗುತ್ತಾ?”

“ಆಗುತ್ತೆ,” ಎಂದಳು ಅವಳ ಅಮ್ಮ, ಅಲ್ಲೇ ಕೂತು ಟವೆಲ್ ಮಡಿಸುತ್ತ. “ಮದುವೆ ಆದಾಗಿನಿಂದ ನೋಡ್ತಾ ಇದೀನಲ್ಲ.”

ಮಗಳು ನಗಲಿಲ್ಲ. “ಅಪ್ಪ, ಹಿಂದೊಮ್ಮೆ ನನ್ನ ಕಡೆ ಒಬ್ಬರು ಬಂದಿದ್ರು. ಕೂದಲು ಬಾಚ್ತಾ ಇದ್ದೆ. ನೆತ್ತಿ ಹಿಂದೆ ಅರ್ಧ ಅಂಗೈಯಷ್ಟು ಬೋಳು. ಏನೋ ಚರ್ಮದ ಕಾಯಿಲೆ ಅಂದ್ಕೊಂಡೆ. ಅವರೇ ಅಂದ್ರು, ‘ನಾನೇ ಕಿತ್ಕೊಳ್ತೀನಮ್ಮ, ಬೇಡ ಅಂದ್ರೂ ಕೈ ನಿಲ್ಲಲ್ಲ’ ಅಂತ.”

ಮಾವ ಪೊರಕೆ ನಿಲ್ಲಿಸಿದರು. “ಯಾರದು?”

“ಹೇಳಲ್ಲ.”

“ನಾನು ಯಾರಿಗೆ ಹೇಳ್ತೀನಿ?”

ಅಮ್ಮನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

“ಅಕ್ಕಪಕ್ಕದ ಕೂದಲು ತಂದು, ಬೋಳು ಕಾಣದ ಹಾಗೆ ಪಿನ್ ಹಾಕಿದೆ,” ಎಂದಳು ಮಗಳು. “ಕನ್ನಡಿ ನೋಡ್ಕೊಂಡು ನನ್ನ ಕೈ ಹಿಡ್ಕೊಂಡ್ರು. ಮುಚ್ಚೋದು ನಂಗೆ ಗೊತ್ತಿತ್ತು ಅಪ್ಪ. ಅದರ ಮುಂದೆ ಏನೂ ಗೊತ್ತಿರಲಿಲ್ಲ. ಅದಕ್ಕೇ ಡಿಗ್ರಿಗೆ ಸೇರಿದ್ದು. ಈಗ ಆ ತೊಂದರೆಗೆ ಒಂದು ಹೆಸರಿದೆ ಅಂತ ಗೊತ್ತು. ಹೆಸರು ಗೊತ್ತಾದ್ರೆ ಅವರ ಕೈ ನಿಲ್ಲುತ್ತಾ?”

“ನನ್ನ ಹತ್ರ ಕಳಿಸಿದ್ರೆ ಒಳ್ಳೆ ಎಣ್ಣೆ ಹೇಳ್ತಿದ್ದೆ. ನಮ್ಮ ಡ್ರೈವರ್ನೇ ನೋಡು. ಕೈ ನಡುಗುತ್ತೆ ಅಂತ ಬಂದಿದ್ದ. ಹತ್ತು ನಿಮಿಷ ಧೈರ್ಯ ಹೇಳಿ ಕಳಿಸಿದೆ. ಸರಿಹೋದ.”

“ಡ್ರೈವರ್ ಚಿಕ್ಕಪ್ಪ ಆಮೇಲೆ ಕಟಿಂಗಿಗೆ ಬಂದಿದಾರಾ?”

ಮಾವ ಮತ್ತೆ ಪೊರಕೆ ಆಡಿಸತೊಡಗಿದರು. ಡ್ರೈವರ್ ಮಾವನ ಸ್ನೇಹಿತ. ಒಂದು ಭಾನುವಾರ ಬಿಟ್ಟು ಒಂದು ಭಾನುವಾರ ತಪ್ಪದೆ ಬರುತ್ತಿದ್ದವನು. ಅವನ ಬಸ್ಸಿಗೆ ಸೈಕಲ್ಲಿನವನೊಬ್ಬ ಅಡ್ಡ ಬಂದು ಬಿದ್ದಿದ್ದ. ಬಿದ್ದವನು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಹೋದ. ಡ್ರೈವರ್ ಮಾತ್ರ ಇನ್ನೂ ಆ ರಸ್ತೆಯಲ್ಲೇ ಇದ್ದ. ಸ್ಟೀರಿಂಗ್ ಮುಟ್ಟಿದರೆ ಕೈ ನಡುಗುತ್ತದೆ ಎಂದು ಅವನು ಹೇಳಿಕೊಂಡದ್ದು ಕುರ್ಚಿಯಲ್ಲಿ ಕೂತು, ಕನ್ನಡಿಯಲ್ಲಿ ಕಾಣುವ ಮಾವನಿಗೆ. ಆಮೇಲೆ ಅವನ ತಲೆ ಅಂಗಡಿಯತ್ತ ಸುಳಿದಿರಲಿಲ್ಲ.

ಮರುದಿನ ಬಸ್ ಡಿಪೋದ ಟೈಮ್‌ಕೀಪರ್ ಶೇವಿಂಗಿಗೆ ಬಂದ. ಮಾವ ನೊರೆ ಹಚ್ಚುತ್ತ ಡ್ರೈವರ್ ಹೇಗಿದಾನೆ ಎಂದು ಕೇಳಿದರು.

“ಯಾರು, ನಮ್ಮ ನಡುಕಪ್ಪನಾ? ರಜ ಹಾಕ್ಕೊಂಡು ಮನೇಲಿದಾನೆ.”

“ಯಾರಪ್ಪಾ?”

“ನಡುಕಪ್ಪ. ಡಿಪೋದಲ್ಲಿ ಈಗ ಅದೇ ಹೆಸರು. ಕಂಡಕ್ಟರುಗಳು ಅವನೆದುರು ಕೈ ನಡುಗಿಸ್ಕೊಂಡು ಟಿಕೆಟ್ ಹರೀತಾರೆ, ತಮಾಷೆಗೆ.” ಟೈಮ್‌ಕೀಪರ್ ನೊರೆಯೊಳಗಿಂದಲೇ ನಕ್ಕ. “ನೀವೇ ತಾನೇ ಮಾವ ಆವತ್ತು ಹೇಳಿದ್ದು? ಪಾಪ ಅಂತ.”

ಪಾಪ ಎಂದೇ ಹೇಳಿದ್ದು. ಅದರಲ್ಲಿ ಸುಳ್ಳಿಲ್ಲ. ಆವತ್ತು ಡ್ರೈವರ್ ಎದ್ದುಹೋದ ಕುರ್ಚಿ ಬಿಸಿಯಾರುವ ಮೊದಲೇ ಅದರಲ್ಲಿ ಟೈಮ್‌ಕೀಪರ್ ಕೂತಿದ್ದ. ಮರುಕ ಮಾವನ ಬಾಯಿಂದ ತುಳುಕಿತ್ತು. ಸಂಜೆಯೊಳಗೆ ಡಿಪೋಗೆಲ್ಲ ಹಂಚಿಕೆಯಾಗಿತ್ತು.

ಮಾವ ಅರ್ಧ ಕೆನ್ನೆ ಬೋಳಿಸಿ, ಕತ್ತಿ ಕೆಳಗಿಟ್ಟು, ಹಿಂದಕ್ಕೆ ಹೋಗಿ ನೀರು ಕುಡಿದು ಬಂದರು. ಉಳಿದರ್ಧವನ್ನು ಯಾವ ಸುದ್ದಿಯೂ ಇಲ್ಲದೆ ಮುಗಿಸಿದರು. ಟೈಮ್‌ಕೀಪರ್ ಗಾಬರಿಯಾಗಿ ಮನೆಯಲ್ಲಿ ಎಲ್ಲಾ ಕ್ಷೇಮವೇ ಎಂದು ಕೇಳಿ ಹೋದ.

ಅವನು ಹೋದ ಮೇಲೆ ಮಾವ ಪರದೆ ಸರಿಸಿದರು. ಆಚೆ ಗಿರಾಕಿ ಇರಲಿಲ್ಲ. ಮಗಳ ಕುರ್ಚಿಯಲ್ಲೇ ಕೂತರು.

“ಕೇಳಿಸ್ತಾ?”

“ಕೇಳಿಸ್ತು ಅಪ್ಪ.”

“ಒಳ್ಳೇದಕ್ಕೇ ಕಣಮ್ಮ ನಾನು...” ಎಂದು ಶುರುಮಾಡಿ ನಿಲ್ಲಿಸಿದರು. “ಹೋಗ್ಲಿ. ನೀನಾಗಿದ್ರೆ ಅವನಿಗೆ ಏನು ಹೇಳ್ತಿದ್ದೆ?”

“ನಂಗೂ ಗೊತ್ತಿಲ್ಲ. ಅದಕ್ಕೇ ಓದೋಕೆ ಹೊರಟಿರೋದು.”

ಮಾವನಿಗೆ ಇಂಥ ಉತ್ತರ ಕೇಳಿ ಅಭ್ಯಾಸವಿರಲಿಲ್ಲ. ಅವರ ಕುರ್ಚಿಯಲ್ಲಿ ಗೊತ್ತಿಲ್ಲ ಎಂಬ ಮಾತು ಯಾರ ಬಾಯಲ್ಲೂ ಬಂದದ್ದಿಲ್ಲ, ಅವರ ಬಾಯಲ್ಲಂತೂ ಇಲ್ಲವೇ ಇಲ್ಲ.

“ನಾನು ಕೆಲಸ ಕಲಿಯೋಕೆ ಬಂದ ಮೊದಲ ದಿನ ನೀನು ನನ್ನ ಕೈಗೆ ಏನು ಕೊಟ್ಟೆ, ಅಪ್ಪ?”

“ಬಲೂನು.”

ಅದು ಆ ಅಂಗಡಿಯ ಪದ್ಧತಿ. ಕಲಿಯಲು ಬಂದವರು ಯಾರೇ ಆಗಲಿ, ಊದಿದ ಬಲೂನಿಗೆ ನೊರೆ ಹಚ್ಚಿ ಕತ್ತಿಯಿಂದ ನೊರೆ ತೆಗೆಯಬೇಕು. ಬಲೂನು ಒಡೆಯಬಾರದು. ಒಡೆಯದೆ ತೆಗೆಯುವುದನ್ನು ಮಾವ ಪಕ್ಕದಲ್ಲಿ ನಿಂತು ನೋಡುವವರೆಗೂ ಜೀವಂತ ಕೆನ್ನೆ ಮುಟ್ಟುವಂತಿಲ್ಲ. ಹೆಂಗಸರ ವಿಭಾಗಕ್ಕೆ ಕ್ಷೌರದ ಕತ್ತಿ ಬೇಕಿರಲಿಲ್ಲ. ಆದರೂ ಮಗಳಿಗೆ ವಿನಾಯಿತಿ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ಢಂ ಎಂದಾಗಲೆಲ್ಲ ಬೀದಿಯವರು, ಯಾರೋ ಹೊಸಬರು ಸೇರಿದ್ದಾರೆ ಎಂದುಕೊಳ್ಳುತ್ತಿದ್ದರು.

“ಈ ಓದೂ ಹಾಗೇ,” ಎಂದಳು ಮಗಳು. “ಪುಸ್ತಕ ಇರುತ್ತೆ. ಆದರೆ ಬರೀ ಪುಸ್ತಕ ಅಲ್ಲ. ಮೊದಲು ನಾವು ನಾವೇ ಎದುರುಬದುರು ಕೂತು ಅಭ್ಯಾಸ. ಒಬ್ಬರು ಹೇಳೋದು, ಒಬ್ಬರು ಕೇಳೋದು. ಎಲ್ಲಿ ಮಧ್ಯೆ ಬಾಯಿ ಹಾಕಿದ್ವಿ, ಎಲ್ಲಿ ಆತುರಪಟ್ಟು ಬುದ್ಧಿ ಹೇಳಿದ್ವಿ ಅಂತ ಟೀಚರು ಹಿಡೀತಾರೆ. ಆಮೇಲೆ ಆಸ್ಪತ್ರೆ, ಶಾಲೆ ಅಂತ ಕಳಿಸ್ತಾರೆ. ಅಲ್ಲೂ ಅನುಭವ ಇರೋರು ಮೇಲ್ವಿಚಾರಣೆಗೆ ಇರ್ತಾರೆ. ಯಾವುದು ನಮ್ಮ ಕೈಲಾಗಲ್ಲ, ಯಾವಾಗ ಡಾಕ್ಟರ ಹತ್ರ ಕಳಿಸ್ಬೇಕು ಅನ್ನೋದೂ ಒಂದು ಪಾಠ.”

“ಮತ್ತೆ ಅವರಿಂದ ಕೇಳಿದ್ದು?”

“ಒಳಗೇ ಇರ್ಬೇಕು. ಯಾರದಾದ್ರೂ ಜೀವಕ್ಕೇ ಅಪಾಯ ಇದ್ರೆ ಮಾತ್ರ ಬೇರೆ ಮಾತು. ಅದನ್ನೂ ಮೊದಲೇ ಅವರಿಗೆ ಹೇಳಿರ್ತೀವಿ.”

ಮಾವ ತಮ್ಮ ಅಂಗೈ ನೋಡಿಕೊಂಡರು. “ಕೆನ್ನೆ ಕೊಯ್ದ್ರೆ ರಕ್ತ ಬರುತ್ತೆ. ತಕ್ಷಣ ಗೊತ್ತಾಗುತ್ತೆ. ಇದು ಗೊತ್ತೇ ಆಗಲ್ವಲ್ಲಮ್ಮ. ನಾನು ಬಲೂನೇ ಇಲ್ದೆ ನೇರ ಕೆನ್ನೆಗೇ ಕತ್ತಿ ಹಾಕ್ತಾ ಬಂದೆ ಅನ್ನು.”

“ಎಲ್ಲರನ್ನೂ ಕೊಯ್ದಿಲ್ಲ ಅಪ್ಪ. ನಿನ್ನ ಹತ್ರ ಹೇಳ್ಕೊಂಡು ಹಗುರಾದೋರೂ ಇದಾರೆ.”

“ಇರ್ಬಹುದು. ಇವನಲ್ಲ.”

ಹೀಗಾಗಿ ಗುರುವಾರ ಸಂಜೆ ರೇಡಿಯೋ ಮಾವ ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆ ಚೀಲಕ್ಕೆ ಹಾಕಿಕೊಂಡು ಡ್ರೈವರ್ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದವನ ಕೂದಲು ಕಿವಿ ಮುಚ್ಚಿತ್ತು.

“ಏನು ಬಂದಿದ್ದು?” ಎಂದ ಡ್ರೈವರ್.

“ತಪ್ಪು ಮಾಡಿದೀನಿ. ನೀನು ಹೇಳಿದ್ದನ್ನ ಹೊರಗೆ ಹೇಳಿದೆ. ಕ್ಷಮಿಸು ಅಂತ ಕೇಳೋಕೆ ಬಂದೆ. ಕೂದಲೂ ಬೆಳೆದಿರುತ್ತೆ ಅಂತ ಕತ್ತರಿ ತಂದೆ. ಬಾಯಿ ಅಂಗಡೀಲೇ ಬಿಟ್ಟು ಬಂದಿದೀನಿ.”

ಡ್ರೈವರ್ ಚೀಲದತ್ತ ನೋಡಿದ. ಆಮೇಲೆ ಒಳಗಿನಿಂದ ಒಂದು ಸ್ಟೂಲು ತಂದು ವರಾಂಡದಲ್ಲಿಟ್ಟ.

ಕತ್ತರಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಷ್ಟ್ರು ಹೆಂಡತಿಯನ್ನು ಕರೆತಂದದ್ದು ಈ ಹೊತ್ತಿನಲ್ಲೇ. ಇಲ್ಲಿ ಕನ್ನಡಿಯೂ ಇರಲಿಲ್ಲ. ಮಾವನಿಗೆ ಕಾಣುತ್ತಿದ್ದದ್ದು ಸ್ನೇಹಿತನ ಹಿಂದಲೆ ಮಾತ್ರ. ಒಂದು ಕಡೆ ಮುಗಿಯುವ ಹೊತ್ತಿಗೆ ಡ್ರೈವರ್ ಸ್ಟೂಲಿನಲ್ಲಿ ಮಿಸುಕಾಡಿದ.

“ಏನಾದ್ರೂ ಮಾತಾಡಯ್ಯ. ಹೆದರಿಕೆ ಆಗುತ್ತೆ.”

ಮಾವ ಮಾತಾಡಲಿಲ್ಲ. ಇನ್ನೊಂದು ಕಡೆಗೆ ಬಂದರು. ಆಗ ಡ್ರೈವರ್ ತಾನೇ ಮಾತಾಡಿದ. ಏನು ಮಾತಾಡಿದ ಎಂಬುದು ನಮಗೆ ಗೊತ್ತಿಲ್ಲ. ಮೇಷ್ಟ್ರಿಗೆ ದೂರದಿಂದ ಕೇಳಿಸಲಿಲ್ಲ, ಮಾವ ಇವತ್ತಿಗೂ ಹೇಳಿಲ್ಲ.

ಬಟ್ಟೆ ಕೊಡವಿ ಕುತ್ತಿಗೆ ಒರೆಸಿದ ಮೇಲೆಯೇ ಮಾವ ಬಾಯಿ ತೆರೆದದ್ದು. “ನನಗೆ ಬರೋದು ಇಷ್ಟೇ, ಕೂದಲು. ಇದಕ್ಕೆ ಅಂತ ಕಲಿತೋರು ಇದಾರಂತೆ. ಮಗಳು ಸೇರ್ಬೇಕು ಅಂತಿರೋ ಕಾಲೇಜಿನಲ್ಲೇ ಒಂದು ಆಪ್ತಸಲಹಾ ಕೇಂದ್ರ ಇದೆಯಂತೆ. ಹೋಗಿ ಕೂತು ಮಾತಾಡ್ಬಹುದು.”

“ನನಗೇನು ತಲೆ ಕೆಟ್ಟಿದ್ಯಾ?”

“ಕೈ ನಡುಗಿದ್ರೆ ತಲೆ ಕೆಟ್ಟಿದೆ ಅಂತ ಯಾರಂದ್ರು? ಅಲ್ಲಿ ಹೇಳಿದ್ದು ಹೊರಗೆ ಹೋಗಲ್ವಂತೆ.”

“ನಿನ್ನ ಅಂಗಡಿ ಥರ ಅಲ್ಲ ಅನ್ನು.”

“ನನ್ನ ಅಂಗಡಿ ಥರ ಅಲ್ಲ,” ಎಂದರು ಮಾವ.

ಶುಕ್ರವಾರ ಬೆಳಗ್ಗೆ ಮಗಳು ಬರುವ ಹೊತ್ತಿಗೆ ಪರದೆಯ ಪಕ್ಕದ ಗೋಡೆಯಲ್ಲಿ ಒಂದು ರಟ್ಟಿನ ಬೋರ್ಡು ತೂಗುತ್ತಿತ್ತು. ಹೆಂಗಸರ ವಿಭಾಗ ಇನ್ನು ಮುಂದೆ ಶನಿವಾರ, ಭಾನುವಾರ ಮಾತ್ರ. ಅಕ್ಷರ ಅಮ್ಮನದು, ಮೊಳೆ ಹೊಡೆದವರು ಮಾವ.

“ಕಾಲೇಜಿಗೆ ಫೋನ್ ಮಾಡಮ್ಮ,” ಎಂದರು. “ಆಮೇಲೆ ಇನ್ನೊಂದು. ಈ ಸುದ್ದಿ ಹೊರಗೆ ಹೇಳ್ಬಹುದು ತಾನೇ?”

“ಇದನ್ನ ಹೇಳ್ಬಹುದು ಅಪ್ಪ.”

ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು.

ಓದುತ್ತಿರುವ ನಿಮ್ಮ ಮನೆಯಲ್ಲೂ ಇಂಥ ಓದಿಗೆ ಆಸೆಪಟ್ಟ ಮಗಳೋ ಮಗನೋ ಸೊಸೆಯೋ ಇರಬಹುದು. ಮಾತಾಡುವುದನ್ನು ಕಲಿಯಲು ಎರಡು ವರ್ಷವೇ ಎಂದು ನಗಬೇಡಿ. ಕಲಿಯುವುದು ಕೇಳುವುದನ್ನು, ಅದು ನಮಗೆ ಯಾರಿಗೂ ಹುಟ್ಟಿನಿಂದ ಬಂದಿಲ್ಲ. ನಗುವ ಬದಲು ಕೇಳಬೇಕಾದದ್ದನ್ನು ಕೇಳಿ. ಕಾಲೇಜಿಗೆ ಮಾನ್ಯತೆ ಇದೆಯೇ, ಅನುಭವಸ್ಥರ ಮೇಲ್ವಿಚಾರಣೆಯಲ್ಲಿ ತರಬೇತಿ ಕೊಡುತ್ತಾರೆಯೇ, ಪದವಿಯ ನಂತರ ಈ ಕೆಲಸ ಮಾಡಲು ಬೇರೆ ನೋಂದಣಿಯೋ ಹೆಚ್ಚಿನ ತರಬೇತಿಯೋ ಬೇಕೇ ಎಂದು ಸೇರುವ ಮೊದಲೇ ವಿಚಾರಿಸಿ. ಬಲೂನು ಕೊಡದೆ ಕತ್ತಿ ಕೊಡುವ ಕಡೆ ಸೇರಿಸಬೇಡಿ. ಇಂಥ ಓದು ಇರಲಿ ಬಿಡಲಿ, ಯಾರಾದರೂ ನಿಮ್ಮ ಮುಂದೆ ಕೂತು ಕೈ ನಡುಗುತ್ತದೆ ಎಂದರೆ, ಪಾಪ ಎನ್ನುವುದನ್ನು ಅವರಿಗೇ ಹೇಳಿ, ಪಕ್ಕದವರಿಗಲ್ಲ.

ಡ್ರೈವರ್ ಎರಡು ವಾರ ತಡೆದು ಕೇಂದ್ರಕ್ಕೆ ಹೋದ. ಟೈಮ್‌ಕೀಪರ್ ಅಂಗಡಿಯಲ್ಲಿ ಸುದ್ದಿ ಸಿಗುವುದಿಲ್ಲವೆಂದು ಈಗ ಮನೆಯಲ್ಲೇ ಶೇವಿಂಗ್ ಮಾಡಿಕೊಳ್ಳುತ್ತಾನೆ. ಮಗಳು ತರಗತಿ ಶುರುವಾದ ದಿನವೇ ಕಾಲೇಜಿಗೆ ಹೋದಳು.