ಸಂಜೆ ನಾಕಕ್ಕೆ ಮಣ್ಣು

ಕಡಲು ಕಡೆದಾಗ ಮೊದಲು ಮೇಲೆದ್ದ ವಿಷವನ್ನು ಲೋಕದ ಮೇಲೆ ಬಿಡದೆ ಕೊರಳಿನಲ್ಲಿಯೇ ತಡೆದು ನಿಂತ ನೀಲಕಂಠನೇ, ಆ ಕೊರಳನ್ನು ಅಂಗೈಯಿಂದ ಒತ್ತಿಹಿಡಿದ ತಾಯಿಯೇ, ನಿಮ್ಮಿಬ್ಬರ ಪಾದಗಳಿಗೆ ಹಣೆ ಮಣಿಸಿ ಈ ಕಥೆಯನ್ನು ಹೇಳತೊಡಗುತ್ತೇನೆ. ಅಮೃತ ಬಂದಾಗ ಪಂಕ್ತಿಯಲ್ಲಿ ಕುಳಿತವರು ಬೇರೆ, ವಿಷ ಕುಡಿದವನು ಬೇರೆ. ಕಂಡದ್ದನ್ನು ಮರೆಮಾಚದಂತೆ ನನ್ನ ನಾಲಗೆಯನ್ನು ಕಾಯಿರಿ.

“ಕಾಸು ಕೇಳಕ್ಕೆ ನಾಚ್ಕೆ ಆಗಲ್ವೇನೋ ನನ್ಮಗನೆ? ಕರೆದು ಶಾಲು ಹೊದಿಸ್ತಿದ್ದೀನಿ, ಉಂಡ ಮನೆಗೇ ಎರಡು ಬಗೀತೀಯಲ್ಲೋ!”

ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಬಟ್ಟೆಯಂಗಡಿಯೊಂದರ ಮೇಲಂತಸ್ತಿನ ತನ್ನ ಆಫೀಸಿನಲ್ಲಿ ಶಶಿಕಾಂತ್ ಹೀಗೆ ಕೂಗಿದಾಗ, ಎದುರಿಗೆ ನಿಂತಿದ್ದ ವೇಣು ಗೋಡೆಯನ್ನು ಹಿಡಿದುಕೊಂಡ. ಅವನ ಬಲಗಾಲು ಮಡಿಸಲು ಬಾರದು. ಮನೆಮನೆಗೆ ಊಟ ಹಂಚುವ ಕೆಲಸದಲ್ಲಿದ್ದಾಗ ಬೈಕು ಜಾರಿ ಮುರಿದಿದ್ದ ಕಾಲು ಅದು.

ಶಶಿಕಾಂತ್ ಜರಗನಹಳ್ಳಿಯ ಹಳೆಯ ಜಮೀನುದಾರರ ಮಗ. ಹೊಲವಿದ್ದಲ್ಲಿ ಈಗ ಬಾಡಿಗೆಯ ವಠಾರಗಳಿವೆ. ಅವುಗಳಲ್ಲೊಂದರ ಒಂಟಿ ಕೋಣೆಯಲ್ಲಿ ವೇಣುವೂ ಅವನ ತಾಯಿ ಅಂಕಮ್ಮನೂ ಇದ್ದರು. ವಠಾರಗಳಲ್ಲದೆ ಶಶಿಕಾಂತನಿಗೆ ಇನ್ನೊಂದು ಆಸ್ತಿಯಿತ್ತು. ಫೇಸ್‌ಬುಕ್ಕಿನಲ್ಲಿ ಅವನು ಕಟ್ಟಿದ್ದ ‘ನೆರೆಹೊರೆ’ ಎಂಬ ಗುಂಪು. ಎರಡು ಲಕ್ಷ ಜನರು ಅಲ್ಲಿ ಬಾಡಿಗೆಮನೆ ಕೇಳುತ್ತಿದ್ದರು, ಕಳೆದುಹೋದ ನಾಯಿಯನ್ನು ಹುಡುಕುತ್ತಿದ್ದರು, ಒಳ್ಳೆಯ ಹಲ್ಲಿನ ವೈದ್ಯರ ವಿಳಾಸ ವಿಚಾರಿಸುತ್ತಿದ್ದರು. ಪಿ.ಜಿ.ಗಳವರೂ ಕಟ್ಟಡ ಕಟ್ಟುವವರೂ ಜಾಹೀರಾತಿಗೆ ಕೊಡುವ ಹಣ ಶಶಿಕಾಂತನಿಗೆ ಸೇರುತ್ತಿತ್ತು. ಜನರು ಹಾಕುವ ಪ್ರತಿಯೊಂದು ಬರಹವನ್ನೂ ಚಿತ್ರವನ್ನೂ ಮೊದಲು ತಾವು ನೋಡಿ, ಹೊಲಸನ್ನು ತೆಗೆದುಹಾಕಿ, ಉಳಿದುದನ್ನು ಒಳಗೆ ಬಿಡುವ ಮಾಡರೇಟರುಗಳು ಮೂವರು. ಅವರದು ಸೇವೆ. ವರ್ಷಕ್ಕೊಮ್ಮೆ ಶಾಲು.

“ಕಾಲ್ ಮುರ್ಕೊಂಡು ಬಿದ್ದಿದ್ದಾಗ ಮನೆ ಖಾಲಿ ಮಾಡ್ಸಿದ್ನಾ? ಬಾಡಿಗೆ ಏರ್ಸಿದ್ನಾ? ಮನೇಲೇ ಕೂತಿದ್ದೀಯಲ್ಲ, ಗುಂಪು ನೋಡ್ಕೊ ಅಂದೆ. ಅಷ್ಟೇ ತಾನೇ?”

“ಕೂತಿದ್ರೂ ಕೆಲ್ಸಾನೇ ಸಾರ್ ಅದು. ಬೆಳಿಗ್ಗೆ ಕಣ್ಬಿಟ್ರೆ ಸುರು. ಮೊನ್ನೆ ಯಾವನೋ ಒಂದು ಮಗೀನ್ ಫೋಟೋ ಹಾಕಿದ್ದ. ನೀವ್ಯಾರೂ ನೋಡ್ಲಿಲ್ಲ. ಯಾಕೇಂದ್ರೆ ನಾನು ನೋಡ್ದೆ. ಅವತ್ತಿಂದ ನಂಗೆ ಅನ್ನಕ್ಕೆ ಕೈ ಹಾಕಕ್ಕಾಯ್ತಿಲ್ಲ.”

“ನೋಡ್ಬೇಡ. ಡಿಲೀಟ್ ಮಾಡು.”

“ನೋಡ್ದೆ ಹೆಂಗ್ ಸಾರ್ ಗೊತ್ತಾಗದು?”

“ಕಂಪ್ಯೂಟರೇ ಹಿಡಿಯತ್ತೆ ಕಣೋ ಈಗ ಎಲ್ಲಾನೂ.”

“ಅದಕ್ಕೆ ಇಂಗ್ಲಿಷ್ ಬೈಗುಳ ಗೊತ್ತು. ‘ನಿಮ್ಮವ್ವನ್’ ಅಂದ್ರೆ, ಯಾರೋ ತಾಯಿಗೆ ನಮಸ್ಕಾರ ಹೇಳ್ತಾವ್ರೆ ಅಂತ ಒಳಕ್ ಬಿಟ್ಬಿಡ್ತದೆ.”

ಮೂಲೆಯಲ್ಲಿದ್ದ ಅಂಜನಾ ನಕ್ಕಳು. ಬಿ.ಟಿ.ಎಂ. ಲೇಔಟಿನ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾ ಅಲ್ಲಿಯೇ ಪಿ.ಜಿ.ಯಲ್ಲಿರುವ ಅವಳು ಎರಡನೆಯ ಮಾಡರೇಟರು. ಮೂರನೆಯವರಾದ ವಿಮಲಾ ಮೇಡಂ ನಗಲಿಲ್ಲ. ಜಯನಗರದಲ್ಲಿ ಸ್ವಂತ ಮನೆಯಿದ್ದ ನಿವೃತ್ತ ಅಧ್ಯಾಪಕಿ ಅವರು. ಮಡಿಲಿನಲ್ಲಿದ್ದ ಶಾಲನ್ನು ನೀವುತ್ತಾ ಮೆತ್ತಗೆ ಹೇಳಿದರು:

“ನಾನೂ ಮಾಡ್ತೀನಲ್ಲಪ್ಪ, ಮಧ್ಯಾಹ್ನ ಒಂದು ಗಂಟೆ. ಯಾರನ್ನಾದ್ರೂ ದುಡ್ಡು ಕೇಳಿದೀನಾ? ಕೇಳಿಬಿಟ್ರೆ ಆಮೇಲೆ ಅದು ಸೇವೆ ಹೇಗಾಗತ್ತೆ?”

“ನಿಮ್ಗೆ ಪಿಂಚಣಿ ಬರ್ತದೆ ಮೇಡಂ. ಅದಕ್ಕೆ ನೀವು ಮಾಡೋದು ಸೇವೆ. ನಾನು ಮಾಡೋದು ಬಿಟ್ಟಿ.”

ಹಳೆಯ ಶಾಸನಗಳಲ್ಲಿ, ಒಡೆಯನಿಗೆ ಸಲ್ಲತಕ್ಕ ಸುಂಕ ಕಾಣಿಕೆಗಳ ಸಾಲಿನಲ್ಲಿ, ಕೂಲಿಯಿಲ್ಲದ ದುಡಿಮೆಗೆ ‘ಬಿಟ್ಟಿ’ ಎಂಬ ಈ ಮಾತನ್ನೂ ಕಲ್ಲಿನ ಮೇಲೆ ಕೆತ್ತಿದ್ದಾರೆ. ಶಶಿಕಾಂತನಿಗೆ ಶಾಸನ ಗೊತ್ತಿರಲಿಲ್ಲ, ಮಾತು ಗೊತ್ತಿತ್ತು. ಅವನ ಮುಖ ಕಪ್ಪಿಟ್ಟಿತು.

“ಬಿಟ್ಟಿನಾ? ಬಿಟ್ಟಿನೇನೋ ಲೋಫರ್? ಕೇರಿಯೋನು ಅಂತ ನೋಡ್ದೆ ನಿನ್ನ ಮೇಡಂ ಪಕ್ಕ ಕೂರ್ಸಿದ್ನಲ್ಲ, ನನ್ ಎಕ್ಕಡದಲ್ಲಿ ನಾನೇ ಹೊಡ್ಕೋಬೇಕು. ಒಂದು ಮಾತು ಹಾಕಿದ್ರೆ ಸಾವಿರ ಜನ ಕ್ಯೂ ನಿಲ್ತಾರೆ ಈ ಕೆಲಸಕ್ಕೆ. ತಗೊಂಡು ಹೋಗು!”

ಶಾಲನ್ನು ಅವನ ಮೇಲೆ ಎಸೆದ. ಅದು ಹೆಗಲಿನಿಂದ ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ವೇಣುವಿಗೆ ಆಗಲಿಲ್ಲ. ಅಂಜನಾ ಎತ್ತಿಕೊಟ್ಟಳು.

ವಾರ ಕಳೆಯುವ ಮುನ್ನವೇ ಒಂದು ಮುಂಜಾನೆ, ಪಾತ್ರೆ ತೊಳೆಯುವ ಮನೆಗಳಿಗೆ ಹೊರಟ ಅಂಕಮ್ಮ ಮಗನನ್ನು ಎಬ್ಬಿಸಿದಳು. ಅವನು ಏಳಲಿಲ್ಲ. ಗೋಡೆಗೊರಗಿ ಕುಳಿತಲ್ಲಿಯೇ ತಲೆ ಪಕ್ಕಕ್ಕೆ ವಾಲಿತ್ತು; ಫೋನು ಮಡಿಲಿನಲ್ಲಿತ್ತು. ಬೀದಿ ತುದಿಯ ಕ್ಲಿನಿಕ್ಕಿನ ವೈದ್ಯರು ಬಂದು, ಎದೆ ನಿಂತಿದೆಯೆಂದರು.

ವಠಾರದವರು ಗುಂಡಿ ತೋಡಲು ಹೋದರು. ಅಂಕಮ್ಮ ಹೆಣದ ಪಕ್ಕದಲ್ಲಿ ಕುಳಿತು ಫೋನನ್ನು ಕೈಗೆತ್ತಿಕೊಂಡಳು. ಅದಕ್ಕೆ ಬೀಗವಿರಲಿಲ್ಲ. ಅವಳಿಗೆ ಓದು ಬಾರದು. ಮೈಕಿನ ಚಿತ್ರವನ್ನು ಒತ್ತಿ ಮಾತನಾಡಿದರೆ ಮಾತೇ ಅಕ್ಷರವಾಗಿ ಹೋಗುತ್ತದೆಂಬುದನ್ನು ಮಗನೇ ಕಲಿಸಿದ್ದ. ತೆರೆದಿದ್ದ ಪುಟ ಗುಂಪಿನದು. ‘ಎರಡು ಲಕ್ಷ ಜನ ನನ್ ಕಾವಲಲ್ಲವ್ರೆ ಕನವ್ವ’ ಎಂದು ಅವನು ನಗುತ್ತಾ ಹೇಳಿದ್ದುಂಟು. ಕಾವಲುಗಾರನಿಗಾಗಿ ಅವರು ಬಾರದಿರುವರೇ? ಅಂಕಮ್ಮ ಒತ್ತಿ ಹೇಳಿದಳು:

“ಸಂಜೆ ನಾಕಕ್ಕೆ ಮಣ್ಣು. ಜರಗನಹಳ್ಳಿ ವಠಾರದ ತಾವ. ಬರೋರು ಬನ್ನಿ.”

ಮಗ ಸತ್ತನೆಂಬ ಮಾತು ಅವಳ ಬಾಯಿಂದ ಹೊರಡಲಿಲ್ಲ; ಹೊರಡಬೇಕಾಗಿಯೂ ಇರಲಿಲ್ಲ. ಮಣ್ಣಿಗೆ ಹೋಗುವುದು, ಮಣ್ಣಿಗೆ ಬರುವುದು, ಮಣ್ಣು ಮಾಡುವುದು: ಹೆಣವನ್ನು ಹೂಳುವವರ ನಡುವೆ ಹುಟ್ಟಿ ಬೆಳೆದವಳಿಗೆ ಆ ಒಂದು ಮಾತೇ ಸಾಕಾಗಿತ್ತು. ಮಾಡರೇಟರನ ಹೆಸರಿನಿಂದ ಹೋದ ಬರಹಕ್ಕೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ಅದು ನೇರವಾಗಿ ಎರಡು ಲಕ್ಷ ಜನರ ಮುಂದೆ ನಿಂತಿತು. ಉತ್ತರಗಳು ಬಂದವು.

“ಕೆಂಪು ಮಣ್ಣಾ ಸಾರ್? ಗೊಬ್ಬರ ಮಿಕ್ಸ್ ಇದ್ಯಾ?”

“ಚೀಲಕ್ಕೆ ಎಷ್ಟು?”

“ಗುರು, ಜೆ.ಪಿ. ನಗರಕ್ಕೆ ಡೋರ್ ಡೆಲಿವರಿ ಇದ್ರೆ ಹೇಳು.”

“ಹೋದ್ಸಲ ಬೇರೆಯವರ ಹತ್ರ ತಗೊಂಡೆ, ಬರೀ ಕಲ್ಲು. ಜರಡಿ ಹಿಡಿದಿರೋದೇನಾ?”

ವಿಮಲಾ ಮೇಡಂ ಪೂಜೆ ಮುಗಿಸಿ, ತಾರಸಿಯ ಗುಲಾಬಿ ಗಿಡಗಳಿಗೆ ನೀರು ಹಾಕಿ ಬಂದು ಇದನ್ನು ಕಂಡರು. ಅವರ ಮನೆತನದಲ್ಲಿ ತೀರಿಕೊಂಡವರನ್ನು ಅಗ್ನಿಗೆ ಒಪ್ಪಿಸುತ್ತಾರೆ. ಮಣ್ಣೆಂದರೆ ಅವರಿಗೆ ಹೂಕುಂಡ. ಕೂಡಲೇ ಶಶಿಕಾಂತನಿಗೆ ಫೋನು ಮಾಡಿದರು.

“ನೋಡಿದ್ರಾ ಶಶಿಕಾಂತ್? ದುಡ್ಡು ಕೊಡ್ಲಿಲ್ಲ ಅಂತ ನಿಮ್ಮ ವೇಣು ವ್ಯಾಪಾರಕ್ಕಿಳಿದಿದ್ದಾನೆ. ನಮ್ಮ ಗುಂಪಲ್ಲೇ ಮಣ್ಣು ಮಾರ್ತಿದಾನೆ.”

“ಮಣ್ಣಾ?”

“ಕುಂಡಕ್ಕೆ ಹಾಕೋದು ಕಣ್ರೀ. ಜನ ಆಗ್ಲೇ ರೇಟು ಕೇಳ್ತಿದಾರೆ.”

“ಎತ್ತಾಕಿ ಮೇಡಂ ಆ ಬೋಳಿಮಗನ್ನ.”

ಅವರು ಬರಹವನ್ನೂ ವೇಣುವನ್ನೂ ಎತ್ತಿ ಹಾಕಿದರು. ಕಾರಣ ಕೇಳುವ ಜಾಗದಲ್ಲಿ ‘ಅನುಮತಿಯಿಲ್ಲದ ಜಾಹೀರಾತು’ ಎಂದು ಗುರುತು ಮಾಡಿದರು. ಶಶಿಕಾಂತ್ ತಾನೇ ಒಂದು ಪ್ರಕಟಣೆ ಹಾಕಿದ: ‘ಸೇವೆಗೆ ಸಂಬಳ ಕೇಳಿದ ವೇಣು ಎಂಬಾತ ಗುಂಪನ್ನು ಮಣ್ಣಿನಂಗಡಿ ಮಾಡಿಕೊಳ್ಳಲು ಹೊರಟಿದ್ದ. ಹೊರಗೆ ಹಾಕಲಾಗಿದೆ. ಸದಸ್ಯರು ಮೋಸಹೋಗಬಾರದು.’ ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು.

ಅಂಜನಾ ಅಂಗಡಿಯಲ್ಲಿ ಮಾತ್ರೆ ಎಣಿಸುತ್ತಿದ್ದವಳು ಗಿರಾಕಿ ಹೋದ ಮೇಲೆ ಪ್ರಕಟಣೆಯನ್ನು ಓದಿದಳು. ತೆಗೆದುಹಾಕಿದ ಬರಹವನ್ನು ಮಾಡರೇಟರುಗಳು ನೋಡಬಹುದು. ಅದನ್ನೂ ತೆರೆದು ಓದಿದಳು. ಕೊಳ್ಳೇಗಾಲದ ಕಡೆಯ ಶಿವಭಕ್ತರ ಮನೆಯವಳು ಅವಳು. ಅಜ್ಜನನ್ನು ಗುಂಡಿಯಲ್ಲಿ ಕುಳ್ಳಿರಿಸಿ ವಿಭೂತಿ ಇಟ್ಟು ಮಣ್ಣು ಮಾಡಿದ್ದನ್ನು ಕಂಡಿದ್ದಳು. ವೇಣುವಿನ ನಂಬರಿಗೆ ಕರೆ ಮಾಡಿದಳು.

“ವೇಣು?”

“ಅವ್ನಿಲ್ಲ ಕನವ್ವ,” ಎಂದಿತು ಮುದಿದನಿ. “ನೀನು ಅವ್ನ ಗುಂಪಿನೋಳಾ? ಮಣ್ಣಿಗೆ ಬತ್ತೀಯಾ?”

ಅವಳು ಜರಗನಹಳ್ಳಿಯನ್ನು ಮುಟ್ಟುವ ಹೊತ್ತಿಗೆ ನಾಲ್ಕು ಗಂಟೆ ಮೀರಿತ್ತು. ಚಟ್ಟ ಕಟ್ಟಿ ಆಗಿತ್ತು. ವಠಾರದ ಏಳೆಂಟು ಜನರು ಗುಂಡಿಯ ಹತ್ತಿರ ಹೋಗೋಣವೆನ್ನುತ್ತಿದ್ದರು. ಅಂಕಮ್ಮ ಒಪ್ಪುತ್ತಿರಲಿಲ್ಲ.

“ಇನ್ನೊಸಿ ತಡೀರಪ್ಪ. ಎರಡು ಲಕ್ಷ ಜನ ಅವ್ರೆ. ಕನಕಪುರ ರೋಡಲ್ಲಿ ಬಸ್ಸು ಸಿಕ್ಕಿರಾಕಿಲ್ಲ.”

“ಬರೋರಾಗಿದ್ರೆ ಬರ್ತಿದ್ರು ಕಣಕ್ಕ. ಕತ್ಲಾಯ್ತದೆ.”

“ನಮ್ಮಂಗಲ್ಲ, ಓದ್ದೋರು ಅವ್ರು. ಆಪೀಸು ಬಿಡ್ಬೇಕು.”

ಅಂಜನಾ ಫೋನನ್ನು ಚೀಲದೊಳಗೆ ತುರುಕಿದಳು. ಅಂಕಮ್ಮನ ಪಕ್ಕದಲ್ಲಿ ಕುಳಿತಳು. ಆಫೀಸುಗಳು ಬಿಟ್ಟವು. ಬಸ್ಸುಗಳು ತುಂಬಿ ಬಂದು ಮುಂದೆ ಹೋದವು. ಬೆಳಕು ಹೋಗುವ ಹೊತ್ತಿಗೆ ಅಂಕಮ್ಮ ತಾನಾಗಿಯೇ ಎದ್ದು, “ಎತ್ತಿ” ಎಂದಳು.

ಗುಂಡಿಯ ಬಳಿ ಬಂದವರು ಒಬ್ಬೊಬ್ಬರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಬೇಗ ಮುಗಿಯಿತು. ಉಳಿದದ್ದನ್ನು ಸಲಿಕೆಯಿಂದ ಎಳೆದರು. ಹಿಂದಿರುಗುವಾಗ ಅಂಕಮ್ಮ ಕೇಳಿದಳು:

“ಯಾಕವ್ವ, ಒಬ್ಬರೂ ಬರ್ನಿಲ್ಲ?”

ಅಂಜನಾ ಓದಿ ಹೇಳಿದಳು. ರೇಟು ಕೇಳಿದವರನ್ನು ಓದಿದಳು, ಜರಡಿ ಕೇಳಿದವರನ್ನು ಓದಿದಳು, ಶಶಿಕಾಂತನ ಪ್ರಕಟಣೆಯನ್ನೂ ಓದಿದಳು. ಅಂಕಮ್ಮ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಆಡಿದಳು: “ಕುಂಡದ್ ಮಣ್ಣಾ?”

ಅಂಜನಾ ಫೋನಿನಲ್ಲಿ ಕೂಗಾಡಿದ ಮೇಲೆ ಶಶಿಕಾಂತ್ ಪ್ರಕಟಣೆಯನ್ನು ತೆಗೆದ. ಮರುದಿನ ವೇಣುವಿನ ಚಿತ್ರಕ್ಕೆ ಹಾರ ಹಾಕಿ ‘ಸೇವೆಯಲ್ಲೇ ಲೀನವಾದ ಚೇತನ’ ಎಂದು ಬರೆಸಿದ. ಚಿತ್ರದ ಕೆಳಗೆ, ಎಂದಿನಂತೆ, ಪಿ.ಜಿ.ಯೊಂದರ ಜಾಹೀರಾತಿತ್ತು: ಮೂರು ಹೊತ್ತು ಊಟ, ಬಿಸಿನೀರು.

ಮೂರನೆಯ ದಿನ ಹಾಲುತುಪ್ಪ ಬಿಟ್ಟ ಮೇಲೆ, ಅಂಕಮ್ಮ ಗುಂಡಿಯ ಮೇಲಿನ ಮಣ್ಣನ್ನು ಒಂದು ಬಾಂಡ್ಲಿಗೆ ತುಂಬಿಕೊಂಡಳು. ತಡೆದವರನ್ನು ಸರಿಸಿ ಹೊರಟಳು. ಅಂಜನಾ ಜೊತೆಗೆ ಹೋದಳು. ನಾಲ್ಕನೆಯ ಬ್ಲಾಕಿನ ಮೆಟ್ಟಿಲುಗಳನ್ನು ಹತ್ತಿ ಒಳಗೆ ಬಂದಾಗ, ವೇಣುವಿನ ಜಾಗಕ್ಕೆ ಹೊಸ ಸೇವಕರನ್ನು ಆರಿಸಲು ಶಶಿಕಾಂತನೂ ವಿಮಲಾ ಮೇಡಮ್ಮೂ ಕುಳಿತಿದ್ದರು.

“ಏಯ್, ಅದೇನಮ್ಮ ಒಳಗ್ ತರ್ತಿದ್ದೀಯ?”

“ಮಣ್ಣು ಸಾಮಿ. ನನ್ ಮಗನ್ ಗುಂಡೀದು.”

ಶಶಿಕಾಂತ್ ಕುರ್ಚಿ ತಳ್ಳಿ ಎದ್ದ. “ಶಿವ ಶಿವಾ! ಹೆಣ ಹೂತ ಮಣ್ಣನ್ನ ಯಾರಾದ್ರೂ ಒಳಗ್ ತರ್ತಾರೇನೇ ಮುಂಡೆ? ಆಚೆ ಹೋಗು!” ಹಿಡಿ ಮಣ್ಣು ತೂರಿ ಶಾಪ ಹಾಕುವ ಹೆಂಗಸರನ್ನು ಅವನು ಬಾಲ್ಯದಲ್ಲಿ ಕಂಡಿದ್ದ. ಎರಡೂ ಕೈಗಳನ್ನು ಮುಖಕ್ಕೆ ಅಡ್ಡ ಹಿಡಿದ.

ವಿಮಲಾ ಮೇಡಂ ಅತ್ತರು. “ನನಗೆ ತಿಳೀಲಿಲ್ಲಮ್ಮ. ದೇವರಾಣೆಗೂ ಕುಂಡದ್ದು ಅನ್ಕೊಂಡೆ.”

“ನೀವು ಸುಡೋ ಪೈಕಿ ತಾಯಿ. ನಿಮ್ಗೆ ತಿಳ್ದಿರಾಕಿಲ್ಲ.” ಅಂಕಮ್ಮ ಶಶಿಕಾಂತನ ಕಡೆ ತಿರುಗಿದಳು. “ನಿಮ್ಮಪ್ಪಾರನ್ನ ಮಣ್ಣು ಮಾಡ್ದಾಗ ಗುಂಡಿ ತೋಡ್ದೋನು ನನ್ ಗಂಡ. ಕಾಸು ಕೊಡ್ನಿಲ್ಲ, ಅವನೂ ಕೇಳ್ನಿಲ್ಲ. ನಿಮ್ಗೂ ಮರ್ತೋಯ್ತಾ ಸಾಮಿ, ಮಣ್ಣು ಅನ್ನೋ ಮಾತು?”

ಶಶಿಕಾಂತನ ಕೈಗಳು ಮೆಲ್ಲಗೆ ಕೆಳಗಿಳಿದವು.

ಅಂಕಮ್ಮ ಶಪಿಸಲಿಲ್ಲ. ಬಾಂಡ್ಲಿಯಿಂದ ಒಂದು ಹಿಡಿ ತೆಗೆದು ಅವನ ಮೇಜಿನ ಮೇಲೆ, ಪ್ರಸಾದವಿಡುವಷ್ಟು ಜೋಪಾನವಾಗಿ, ಇಟ್ಟಳು. ಇನ್ನೊಂದು ಹಿಡಿಯನ್ನು ವಿಮಲಾ ಮೇಡಂ ಅವರ ಮುಂದೆ ಇಟ್ಟಳು.

“ಮಣ್ಣಿಗೆ ಬಂದೋರು ಒಂದೊಂದು ಹಿಡಿ ಹಾಕ್ಬೇಕು. ನೀವು ಬರ್ನಿಲ್ಲ. ನಿಮ್ ಪಾಲಿಂದು ಉಳ್ಕಂಡಿತ್ತು.”

ಬಳಿಕ ಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕುಳಿತು, ಬಾಂಡ್ಲಿಯನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಇನ್ನೂ ಎರಡು ಲಕ್ಷ ಜನದ್ದು ಐತೆ. ಅವ್ರ ಮನೆ ಎಲ್ಲೆಲ್ಲಿ ಅಂತ ಹೇಳಿ ಸಾಮಿ. ಮಳೆ ಬರೋದ್ರೊಳ್ಗೆ ಕೊಟ್ಬತ್ತೀನಿ.”

ಈ ಕಥೆಯನ್ನು ಕೇಳಿದವರಿಗೂ ಓದಿ ಹೇಳಿದವರಿಗೂ ಮಂಗಳವಾಗಲಿ. ನಿಮಗಾಗಿ ಎಚ್ಚರವಿರುವ ಕಣ್ಣುಗಳಿಗೆ ನಿದ್ದೆ ದೊರೆಯಲಿ. ದುಡಿದ ಕೈ ಬರಿದಾಗಿ ಮನೆಗೆ ಮರಳದಿರಲಿ. ನಿಮ್ಮ ಕೊನೆಯ ದಿನ ಬಹಳ ತಡವಾಗಿ ಬರಲಿ. ಬಂದ ದಿನ, ನಿಮ್ಮವರು ಆಡುವ ಮಾತು ಕೇಳಿದವರಿಗೆಲ್ಲ ತಿಳಿಯಲಿ.